ಹದಿನಾರು ಪುಟದ ಜೆರಾಕ್ಸ್ ಪತ್ರಿಕೆ: ಮೊದಲು ಕಾಗದ ಮಡಿಸಿ, ಆಮೇಲೆ ಬರೆಯಿರಿ

ಹಕ್ಕಿ, ಅಂಚೆಚೀಟಿ, ಚೆಸ್, ಹಳೇ ಬಸ್ ಟಿಕೆಟ್ – ತಲೆಗೆ ಹತ್ತಿದ ಹುಚ್ಚು ಯಾವುದೇ ಇರಲಿ, ಅದನ್ನು ನಾಲ್ಕು ಜನಕ್ಕೆ ಹಂಚಬೇಕು ಅನ್ನಿಸಿದಾಗ ವಿದ್ಯಾರ್ಥಿಯ ಜೇಬಿಗೆ ಒಗ್ಗುವ ದಾರಿ ಜೆರಾಕ್ಸ್ ಪತ್ರಿಕೆ. ನಾಲ್ಕು ಎ4 ಹಾಳೆ, ಎರಡು ಪಿನ್ನು, ಹದಿನಾರು ಪುಟ. ಮೊದಲ ಸಂಚಿಕೆಗೆ ಕೂತವರು ಸಾಮಾನ್ಯವಾಗಿ ಬರೆಯುತ್ತಾ ಹೋಗುತ್ತಾರೆ, ಬರೆದು ಮುಗಿದ ಮೇಲೆ ಪುಟ ಎಣಿಸುತ್ತಾರೆ. ಇಪ್ಪತ್ತೊಂದು ಬಂದಿರುತ್ತದೆ. ಒಂದು ಹಾಳೆಯನ್ನು ನಡುವೆ ಮಡಿಸಿದರೆ ಸಿಗುವುದು ನಾಲ್ಕು ಪುಟ. ಹಾಗಾಗಿ ಪತ್ರಿಕೆ 8 ಪುಟದ್ದಾಗಬಹುದು, 12, 16, 20 ಆಗಬಹುದು, 21 ಆಗಲಾರದು. ಆಗ ಮೂರು ಪುಟ ಖಾಲಿ ಬಿಡಬೇಕು, ಇಲ್ಲವೇ ಹದಿನಾರಕ್ಕೆ ಇಳಿಸಲು ಐದು ಪುಟ ಕೊಯ್ಯಬೇಕು. ಎರಡೂ ಬೇಜಾರಿನ ಕೆಲಸ.

ಅದಕ್ಕೇ ನಾನು ಶುರು ಮಾಡುವುದು ರದ್ದಿ ಕಾಗದದಿಂದ. ನಾಲ್ಕು ಹಾಳೆ ಒಂದರ ಮೇಲೊಂದು ಇಟ್ಟು, ನಡುವೆ ಮಡಿಸಿ, ಪುಸ್ತಕದ ಹಾಗೆ ತಿರುವುತ್ತಾ ಪ್ರತಿ ಪುಟದ ಮೂಲೆಯಲ್ಲಿ ಪೆನ್ಸಿಲ್‌ನಿಂದ 1ರಿಂದ 16ರವರೆಗೆ ಸಂಖ್ಯೆ ಹಾಕುವುದು. ಇದೇ ಡಮ್ಮಿ. ಈಗ ಬಿಚ್ಚಿ ನೋಡಿ: ಹೊರಗಿನ ಹಾಳೆಯ ಒಂದು ಬದಿಯಲ್ಲಿ ಎಡಕ್ಕೆ 16, ಬಲಕ್ಕೆ 1; ಅದರ ಬೆನ್ನಿಗೆ 2 ಮತ್ತು 15. ಎರಡನೆಯದು 14–3, 4–13. ಮೂರನೆಯದು 12–5, 6–11. ಒಳಗಿನದು 10–7, 8–9. ಪಕ್ಕಪಕ್ಕದ ಎರಡು ಸಂಖ್ಯೆ ಕೂಡಿದರೆ ಯಾವಾಗಲೂ 17. ಹನ್ನೆರಡು ಪುಟದ್ದಾದರೆ 13. ಮುಂದೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವಾಗ ಏನಾದರೂ ಎಡವಟ್ಟಾಗಿದೆಯೇ ಅಂತ ಕಂಡುಹಿಡಿಯಲು ಈ ಒಂದು ಲೆಕ್ಕ ಸಾಕು.

ಡಮ್ಮಿ ಇನ್ನೂ ಒಂದು ಹೇಳುತ್ತದೆ. ಬಿಡಿಸಿದಾಗ ಎದುರುಬದುರು ಕಾಣುವ ಪುಟಗಳಲ್ಲಿ ನಿಜವಾಗಿ ಒಂದೇ ಹಾಳೆಯ ಮೇಲಿರುವುದು 8 ಮತ್ತು 9 ಮಾತ್ರ. ಎರಡು ಪುಟಕ್ಕೆ ಹರಡುವ ನಕ್ಷೆ ಅಥವಾ ಚಿತ್ರ ಇದ್ದರೆ ಅದರ ಜಾಗ ಅಲ್ಲೇ. ಬೇರೆ ಕಡೆ ಹಾಕಿದರೆ ಅರ್ಧ ಚಿತ್ರ ಒಂದು ಹಾಳೆಗೆ, ಇನ್ನರ್ಧ ಮತ್ತೊಂದಕ್ಕೆ ಹೋಗಿ, ನಡುವೆ ಎರಡು ಮಿಲಿಮೀಟರ್ ಏರುಪೇರಾಗುತ್ತದೆ.

ಪುಟದ ಅಳತೆ ಎ5, ಅಂದರೆ 148 × 210 ಮಿ.ಮೀ. ಮಡಿಕೆಯ ಕಡೆ 18 ಮಿ.ಮೀ., ಹೊರಗೆ 15, ಮೇಲೆ 15, ಕೆಳಗೆ 18 ಬಿಟ್ಟರೆ ಅಕ್ಷರಕ್ಕೆ ಉಳಿಯುವುದು 115 × 177 ಮಿ.ಮೀ. 11 ಪಾಯಿಂಟ್ ಅಕ್ಷರ, 16 ಪಾಯಿಂಟ್ ಸಾಲಿನ ಅಂತರ ಇಟ್ಟರೆ 31 ಸಾಲು ಹಿಡಿಯುತ್ತದೆ. ಕನ್ನಡದ ಪದ ಉದ್ದ. ಸಾಲಿಗೆ ಆರೇಳು ಪದಕ್ಕಿಂತ ಹೆಚ್ಚು ಕೂರುವುದಿಲ್ಲ. ಪ್ಯಾರಾ ಮುಗಿಯುವಲ್ಲಿ ಉಳಿಯುವ ಖಾಲಿಯನ್ನೂ ಸೇರಿಸಿದರೆ ಪುಟಕ್ಕೆ 180 ಪದ. ಮುಖಪುಟ, ಹಿಂಪುಟ, ಪರಿವಿಡಿ, ಚಿತ್ರಗಳನ್ನು ಕಳೆದು ಹತ್ತು ಪುಟ ಬರಹಕ್ಕೆ ಸಿಕ್ಕರೆ ಒಟ್ಟು 1,800 ಪದ. ಅಷ್ಟೇ. ಈ ಸಂಖ್ಯೆ ಕೈಯಲ್ಲಿದ್ದರೆ ಏನು ಬರೆಯಬೇಕು ಅನ್ನುವುದು ತಾನಾಗಿ ಚಿಕ್ಕದಾಗುತ್ತದೆ.

ಚಿಕ್ಕದಾಗಲೇಬೇಕು. 1,800 ಪದದಲ್ಲಿ ‘ಕರ್ನಾಟಕದ ಹಕ್ಕಿಗಳು’ ಬರೆಯಲು ಹೊರಟರೆ ಬರುವುದು ಹೆಸರುಗಳ ಪಟ್ಟಿ ಅಷ್ಟೇ, ಅದು ಯಾರಿಗೂ ಬೇಡ. ‘ಹಾಸ್ಟೆಲ್ ಹಿಂದಿನ ಆಲದ ಮರಕ್ಕೆ ಮಾರ್ಚ್ ತಿಂಗಳಲ್ಲಿ ಬಂದ ಹಕ್ಕಿಗಳು’ ಅಂದರೆ ಪತ್ರಿಕೆಯಾಗುತ್ತದೆ. ಕಂಚುಕುಟಿಗ, ಪಿಕಳಾರ, ಸೂರಕ್ಕಿ, ಕೆಂಬೂತ – ನಾಲ್ಕೇ ಸಾಕು, ಒಂದೊಂದಕ್ಕೆ ಎರಡು ಪುಟ. ಬರಹಕ್ಕೆ ಬೇಕಾದ ಸರಕನ್ನು ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಐದು ಕಲಂ ಮಾಡಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು: ತಾರೀಕು, ಸಮಯ, ಎಲ್ಲಿ, ಏನು ಮಾಡುತ್ತಿತ್ತು, ಏನು ಗೊತ್ತಾಗಲಿಲ್ಲ. ಕೊನೆಯ ಕಲಂ ಬಿಡಬೇಡಿ; ಓದುವವರು ಉತ್ತರ ಹಿಡಿದು ಬರುವುದು ಅದನ್ನು ನೋಡಿಯೇ.

ಒಂದು ಉದಾಹರಣೆ. ‘ಕಂಚುಕುಟಿಗ ತುಂಬಾ ಸುಂದರವಾದ ಹಕ್ಕಿ, ಅದರ ಕೂಗು ಇಂಪಾಗಿರುತ್ತದೆ’ – ಈ ಸಾಲನ್ನು ಹಕ್ಕಿ ನೋಡದವರೂ ಬರೆಯಬಹುದು. ‘ಒಣಗಿದ ತುದಿಕೊಂಬೆಯ ಮೇಲೆ ಕೂತು ಕೊಕ್ಕು ತೆರೆಯದೆಯೇ ಕೂಗುತ್ತದೆ, ಪ್ರತಿ ‘ಟಕ್’ಗೂ ಗಂಟಲು ಉಬ್ಬುತ್ತದೆ, ಹತ್ತು ಸೆಕೆಂಡಿಗೆ 18 ಸಲ ಎಣಿಸಿದೆ’ – ಇದು ನೋಡಿದವರ ಸಾಲು. ಎರಡಕ್ಕೂ ಹಿಡಿಯುವ ಜಾಗದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ.

ಇನ್ನೊಂದು ಪಿಡುಗು ಶಾಲೆಯಿಂದ ಬಂದದ್ದು. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅನ್ನುವ ಪ್ರಬಂಧದ ಅಚ್ಚು ಕೈಯಲ್ಲಿ ಕೂತುಬಿಟ್ಟಿರುತ್ತದೆ. ‘ಪ್ರಕೃತಿಯು ಮಾನವನಿಗೆ ನೀಡಿದ ವರ’ ಅಂತ ಶುರುವಾಗುವ ಮೊದಲ ಪ್ಯಾರಾ ಮತ್ತು ‘ಆದ್ದರಿಂದ ನಾವೆಲ್ಲರೂ’ ಅಂತ ಮುಗಿಯುವ ಕೊನೆಯ ಪ್ಯಾರಾ ಎರಡನ್ನೂ ಹೊಡೆದುಹಾಕಿ ನಡುವಿನದನ್ನು ಮಾತ್ರ ಓದಿ. ಹತ್ತರಲ್ಲಿ ಒಂಬತ್ತು ಸಲ ಏನೂ ಕಳೆದುಹೋಗಿರುವುದಿಲ್ಲ, ಅರ್ಧ ಪುಟ ಉಳಿದಿರುತ್ತದೆ.

ಕೈಬರಹ ದುಂಡಗಿದ್ದರೆ ಟೈಪ್ ಮಾಡುವ ಗೋಜಿಗೇ ಹೋಗಬೇಡಿ. 1843ರಲ್ಲಿ ಜರ್ಮನ್ ಪಾದ್ರಿ ಮೊಗ್ಲಿಂಗ್ ಹೊರತಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಕೂಡ ಕಲ್ಲಚ್ಚಿನದು, ಅಂದರೆ ಕೈಬರಹವನ್ನು ಕಲ್ಲಿನ ಮೇಲೆ ಮೂಡಿಸಿ ಒತ್ತಿದ್ದು; ಅಚ್ಚುಮೊಳೆ ಜೋಡಿಸಿದ್ದಲ್ಲ. ಕೈಯಲ್ಲಿ ಬರೆಯುವುದಾದರೆ ಕಪ್ಪು ಜೆಲ್ ಪೆನ್ನು, ಗೆರೆಯಿಲ್ಲದ ಹಾಳೆ, ಅದರ ಅಡಿಯಲ್ಲಿ ದಪ್ಪ ಗೆರೆ ಎಳೆದ ಇನ್ನೊಂದು ಹಾಳೆ. ನೀಲಿ ಬಾಲ್‌ಪೆನ್ನು, ಪೆನ್ಸಿಲ್ ಎರಡೂ ಜೆರಾಕ್ಸಿನಲ್ಲಿ ಮಾಸಲಾಗುತ್ತವೆ.

ಟೈಪ್ ಮಾಡುವವರಿಗೆ ತೊಂದರೆ ಶುರುವಾಗುವುದು ಅಂಗಡಿಯಲ್ಲಿ. ಮನೆಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚಿಸಿದ ಕಡತವನ್ನು ಪೆನ್‌ಡ್ರೈವ್‌ನಲ್ಲಿ ಒಯ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತದಲ್ಲಿ, ಮಾಡಿದ್ದನ್ನು ಪುಟ ಜೋಡಿಸುವ ಹಳೇ ತಂತ್ರಾಂಶ ಪೇಜ್‌ಮೇಕರ್‌ನಲ್ಲಿ ತೆರೆದರೆ ಕನ್ನಡ ಸರಿಯಾಗಿ ಮೂಡುವುದೇ ಇಲ್ಲ. ಹಾಗಾಗಿ ಯೂನಿಕೋಡ್‌ನಲ್ಲೇ ಬರೆದು, ನೋಟೊ ಸೆರಿಫ್ ಕನ್ನಡದಂಥ ಉಚಿತ ಫಾಂಟ್ ಬಳಸಿ, ಪಿಡಿಎಫ್ ಮಾಡಿಕೊಂಡೇ ಮನೆ ಬಿಡುವುದು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ‘ಡಾಕ್ಯುಮೆಂಟ್’ ಎಂದೇ ಕಳಿಸಿ. ಪುಟದ ಫೋಟೋ ತೆಗೆದು ಕಳಿಸಿದರೆ ಅಕ್ಷರದ ಅಂಚೆಲ್ಲ ಒಡೆದುಹೋಗುತ್ತದೆ.

ಸಾಲಿನ ಅಂತರದ ವಿಷಯದಲ್ಲಿ ಜಿಪುಣತನ ಬೇಡ. ಹೆಚ್ಚು ತುರುಕುವ ಆಸೆಗೆ 12 ಪಾಯಿಂಟಿಗೆ ಇಳಿಸಿದರೆ ‘ಸ್ವಾತಂತ್ರ್ಯ’, ‘ವೈಶಿಷ್ಟ್ಯ’ದಂಥ ಪದಗಳ ಎರಡನೆಯ ಒತ್ತು ಕೆಳಗಿನ ಸಾಲಿನ ಗುಡಿಸು, ಏತ್ವಗಳ ಮೇಲೆ ಹೋಗಿ ಕೂರುತ್ತದೆ. ಎರಡೂ ಅಂಚು ಸಮ ಮಾಡುವ ಜಸ್ಟಿಫೈ ಕೂಡ ಬೇಡ: ಸಾಲಿಗೆ ಆರೇ ಪದ ಇರುವಾಗ ನಡುವೆ ಹೊಂಡ ಬೀಳುತ್ತದೆ. ಎಡಕ್ಕೆ ಜೋಡಿಸಿ ಬಲ ಅಂಚನ್ನು ಅದರ ಪಾಡಿಗೆ ಬಿಡಿ. ‘ಹಾಸ್ಟೆಲ್‌ನಲ್ಲಿ’ ಎಂದು ಬರೆದದ್ದು ‘ಹಾಸ್ಟೆಲ್ನಲ್ಲಿ’ ಆಗಿದ್ದರೆ ನಡುವೆ ಕಾಣದ ಅಕ್ಷರವೊಂದು, ಜೀರೋ ವಿಡ್ತ್ ನಾನ್ ಜಾಯಿನರ್, ಬಿಟ್ಟುಹೋಗಿದೆ ಎಂದರ್ಥ. ನಿಮ್ಮ ಕೀಲಿಮಣೆಯಲ್ಲಿ ಅದು ಎಲ್ಲಿದೆ ಗೊತ್ತಿಲ್ಲದಿದ್ದರೆ, ಸರಿಯಾಗಿ ಕಾಣುವ ಒಂದು ಪದದಿಂದ ನಕಲು ಮಾಡಿ ಅಂಟಿಸಿಕೊಳ್ಳಬಹುದು.

ಚಿತ್ರಕ್ಕೆ ಬಂದರೆ, ಜೆರಾಕ್ಸಿಗೆ ಗೆರೆಚಿತ್ರವೇ ರಾಜ. ಮೊಬೈಲ್ ಫೋಟೋದಲ್ಲಿ ಎಲೆಗಳ ನೆರಳೆಲ್ಲ ಒಂದೇ ಕಪ್ಪು ಮುದ್ದೆಯಾಗಿ, ಹಕ್ಕಿ ಅದರೊಳಗೆ ಮಾಯವಾಗುತ್ತದೆ. ಫೋಟೋ ಹಾಕಲೇಬೇಕೆಂದರೆ ಕಪ್ಪುಬಿಳುಪು ಮಾಡಿ, ತೆರೆಯ ಮೇಲೆ ತುಸು ಬಿಳಿಚಿತು ಅನ್ನಿಸುವಷ್ಟು ಬೆಳಕು ಹೆಚ್ಚಿಸಿ. ಅಗಲ 100 ಮಿ.ಮೀ. ಇದ್ದರೆ ಸುಮಾರು 1,200 ಪಿಕ್ಸೆಲ್ ಬೇಕು. ಮುಖಪುಟವನ್ನು ಪೂರ್ತಿ ಕಪ್ಪು ಮಾಡುವ ಚಪಲ ಎಲ್ಲರಿಗೂ ಬರುತ್ತದೆ. ಟೋನರ್ ಪಟ್ಟೆಪಟ್ಟೆಯಾಗಿ ಬೀಳುತ್ತದೆ, ಮಡಿಸಿದ ಕಡೆ ಒಡೆದು ಬಿಳಿ ಗೆರೆ ಏಳುತ್ತದೆ, ಹಿಡಿದವರ ಹೆಬ್ಬೆರಳೂ ಕಪ್ಪಾಗುತ್ತದೆ. ಅಂತರ್ಜಾಲದಿಂದ ಎತ್ತಿದ ಚಿತ್ರ ಬೇಡ. ನಿಮ್ಮ ಕೈಯ ವಕ್ರ ಗೆರೆಯ ಪಿಕಳಾರವೇ ಚೆಂದ.

ಪುಟ ಹೊಂದಿಸಲು ಹದಿನಾರು ಪುಟವನ್ನೂ ಎ5 ಅಳತೆಯಲ್ಲಿ ಕ್ರಮವಾಗಿ ಮಾಡಿ ಪಿಡಿಎಫ್ ತೆಗೆಯಿರಿ. ಅಡೋಬಿ ರೀಡರ್‌ನ ಪ್ರಿಂಟ್ ಕಿಟಕಿಯಲ್ಲಿ ‘ಬುಕ್‌ಲೆಟ್’ ಅಂತ ಇದೆ, ಲಿಬ್ರೆ ಆಫೀಸಿನಲ್ಲಿ ‘ಬ್ರೋಶರ್’. ಅದೇ 16–1, 2–15 ಅಂತ ಜೋಡಿಸಿಕೊಡುತ್ತದೆ. ಅಂಗಡಿಯವರಿಗೆ ಎರಡು ಮಾತು ಮರೆಯದೆ ಹೇಳಬೇಕು. ಒಂದು, ಎರಡೂ ಬದಿ ಮುದ್ರಿಸುವಾಗ ಹಾಳೆ ತಿರುಗುವುದು ‘ಶಾರ್ಟ್ ಎಡ್ಜ್’ ಮೇಲೆ. ಮಾಮೂಲಿ ಇರುವುದು ಲಾಂಗ್ ಎಡ್ಜ್. ಹಾಗೇ ಬಿಟ್ಟರೆ ಹಾಳೆಯ ಒಂದು ಬದಿಯ ಎರಡು ಪುಟ ನೆಟ್ಟಗೆ, ಬೆನ್ನಿನ ಎರಡು ತಲೆಕೆಳಗು. ಇನ್ನೊಂದು, ನಾಲ್ಕೂ ಹಾಳೆಯ ಒಂದೇ ಒಂದು ಪ್ರತಿ ಮೊದಲು. ಅದನ್ನು ಅಲ್ಲೇ ಕೌಂಟರ್ ಮೇಲೆ ಮಡಿಸಿ, ಡಮ್ಮಿಯ ಪಕ್ಕ ಇಟ್ಟು ತಿರುವಿ ನೋಡಿದ ಮೇಲೆಯೇ ಉಳಿದವು. ಹಿಂದೆ ನಿಂತವರು ಗೊಣಗಲಿ ಬಿಡಿ. ಪ್ರಿಂಟರ್‌ಗಳು ಹಾಳೆಯ ಅಂಚಿನಲ್ಲಿ ನಾಲ್ಕೈದು ಮಿಲಿಮೀಟರ್ ಮುದ್ರಿಸುವುದಿಲ್ಲ. ಪುಟಸಂಖ್ಯೆಯನ್ನು ತೀರಾ ಕೆಳಕ್ಕೆ ಇಟ್ಟರೆ ಅರ್ಧ ಕತ್ತರಿಸಿ ಹೋಗುತ್ತದೆ.

ಖರ್ಚಿನ ಲೆಕ್ಕ ಸುಲಭ. ನಾಲ್ಕು ಹಾಳೆ ಎಂದರೆ ಎಂಟು ಬದಿ. ಬದಿಗೆ 2 ರೂಪಾಯಿ ಹಿಡಿದರೆ ಪ್ರತಿಗೆ 16, ಮೂವತ್ತು ಪ್ರತಿಗೆ 480 ರೂಪಾಯಿ. ಮೊದಲ ಸಂಚಿಕೆಗೆ ಮೂವತ್ತು ಧಾರಾಳ. ನೂರು ಹಾಕಿಸಿದರೆ ಎಪ್ಪತ್ತು ಮಂಚದ ಕೆಳಗೆ ಉಳಿಯುತ್ತವೆ.

ಕಾಗದ ಮಾಮೂಲಿ 75 ಅಥವಾ 80 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎನ್ನುವ ತೂಕದ ಲೆಕ್ಕ) ಸಾಕು. ತೆಳ್ಳಗಿನದಾದರೆ ಹಿಂದಿನ ಪುಟದ ಅಕ್ಷರ ಇಣುಕುತ್ತದೆ. ಹೊರಗಿನ ಹಾಳೆಗೆ ದಪ್ಪ ರಟ್ಟುಕಾಗದ ಬೇಕೆಂದರೆ ಒಂದು ತೊಡಕಿದೆ: ಎ4 ಕಾಗದದ ನಾರು ಸಾಮಾನ್ಯವಾಗಿ ಉದ್ದುದ್ದಕ್ಕೆ ಇರುತ್ತದೆ, ನಾವು ಮಡಿಸುವುದು ಅಡ್ಡಕ್ಕೆ. ದಪ್ಪ ಕಾಗದ ನಾರಿಗೆ ಅಡ್ಡ ಮಡಿಸಿದರೆ ಬಿರಿಯುತ್ತದೆ. ರೀಫಿಲ್ ಮುಗಿದ ಬಾಲ್‌ಪೆನ್ನಿನಿಂದ, ಸ್ಕೇಲ್ ಇಟ್ಟು, ಮಡಿಕೆಯ ಜಾಗದಲ್ಲಿ ಎರಡು ಸಲ ಒತ್ತಿ ಗೆರೆ ಎಳೆದು ಆಮೇಲೆ ಮಡಿಸಿದರೆ ಬಿರಿಯುವುದು ಬಹಳ ಕಡಿಮೆ. ಮಡಿಕೆಯನ್ನು ತೀಡಲು ಸ್ಟೀಲ್ ಚಮಚದ ಬೆನ್ನು ಒಳ್ಳೆಯದು.

ಮಾಮೂಲಿ ಸ್ಟೇಪ್ಲರ್‌ನ ಬಾಯಿ ಹಾಳೆಯ ನಡುವಿನವರೆಗೆ ಎಟುಕುವುದಿಲ್ಲ. ಉದ್ದ ಕೈಯ ಸ್ಟೇಪ್ಲರ್ ಕೆಲವು ಜೆರಾಕ್ಸ್ ಅಂಗಡಿಗಳಲ್ಲಿ ಇರುತ್ತದೆ. ಇಲ್ಲದಿದ್ದರೆ ನಿಮ್ಮದನ್ನೇ ಪೂರ್ತಿ ಬಿಚ್ಚಿ, ಹಾಳೆಗಳನ್ನು ಥರ್ಮೋಕೋಲ್ ತುಂಡಿನ ಮೇಲೆ ಮುಖಪುಟ ಮೇಲಾಗಿ ಹರಡಿ, ಮಡಿಕೆಯ ಮೇಲೇ ಪಿನ್ನು ಹೊಡೆಯಿರಿ. ತಿರುವಿ, ಒಳಗೆ ಚುಚ್ಚಿಕೊಂಡು ನಿಂತ ಕಾಲುಗಳನ್ನು ಚಮಚದಿಂದ ಮಡಚಿ. ಪಿನ್ನಿಗಿಂತ ನನಗೆ ಇಷ್ಟ ಹೊಲಿಗೆ. 210 ಮಿ.ಮೀ. ಮಡಿಕೆಯಲ್ಲಿ ನಡುವೆ ಒಂದು, ಎರಡೂ ತುದಿಯಿಂದ 40 ಮಿ.ಮೀ. ಒಳಗೆ ಒಂದೊಂದು, ಹೀಗೆ ದಬ್ಬಳದಿಂದ ಮೂರು ತೂತು. ಮೊಳಕ್ಕಿಂತ ಸ್ವಲ್ಪ ಉದ್ದದ, ಮೇಣ ಸವರಿದ ದಾರ. ಒಳಗಿನಿಂದ ನಡುತೂತಿನಲ್ಲಿ ಹೊರಗೆ, ಮೇಲಿನ ತೂತಿನಲ್ಲಿ ಒಳಗೆ, ನಡುವಿನದನ್ನು ದಾಟಿ ಕೆಳಗಿನದರಲ್ಲಿ ಹೊರಗೆ, ಮತ್ತೆ ನಡುತೂತಿನಲ್ಲಿ ಒಳಗೆ. ಒಳಗಿನ ಉದ್ದ ಎಳೆಯ ಆಚೆಗೊಂದು ಈಚೆಗೊಂದು ತುದಿ ಬರುವಂತೆ ನೋಡಿಕೊಂಡು ಗಂಟು ಹಾಕಿ. ಎರಡೂ ತುದಿ ಒಂದೇ ಕಡೆ ಬಂದರೆ ಆ ಎಳೆ ಸಡಿಲಾಗಿ ಜೋಲುತ್ತದೆ. ದಾರ ಎಳೆಯುವಾಗ ಮಡಿಕೆಯ ಉದ್ದಕ್ಕೇ ಎಳೆಯಬೇಕು. ಮೇಲಕ್ಕೆ ಎಳೆದರೆ ತೂತು ಹರಿಯುತ್ತದೆ.

ನಾಲ್ಕು ಹಾಳೆಗೆ ಅಂಚು ಕತ್ತರಿಸುವ ಅಗತ್ಯ ಬರುವುದಿಲ್ಲ. ಹತ್ತು ಹಾಳೆಯಾದರೆ ಒಳಗಿನದು ಒಂದು ಮಿಲಿಮೀಟರ್ ಆಸುಪಾಸು ಹೊರಚಾಚುತ್ತದೆ. ಆಗ ಸ್ಟೀಲ್ ಸ್ಕೇಲ್, ಹೊಸ ಬ್ಲೇಡಿನ ಕಟ್ಟರ್.

ಮೂವತ್ತೂ ಹೊಲಿದ ಮೇಲೆ ತಪ್ಪು ಕಣ್ಣಿಗೆ ಬೀಳುತ್ತದೆ. ಬಿದ್ದೇ ಬೀಳುತ್ತದೆ. ಕಾಗುಣಿತದ್ದಾದರೆ ಸುಮ್ಮನಿರಿ. ಹಕ್ಕಿಯ ಹೆಸರೋ ತಾರೀಕೋ ತಪ್ಪಿದ್ದರೆ ಒಂದು ಎ4 ಹಾಳೆಯನ್ನು ಎಂಟು ಚೀಟಿ ಮಾಡಿ, ‘ತಪ್ಪು–ಒಪ್ಪು’ ಎಂದು ಬರೆದು, ಎರಡನೇ ಪುಟದಲ್ಲಿ ಅಂಟಿಸಿ; ಮೂವತ್ತಕ್ಕೆ ನಾಲ್ಕು ಹಾಳೆ. ಗೋಂದು ಬೇಡ, ಕಾಗದ ನೆನೆದು ಸುಕ್ಕಾಗುತ್ತದೆ. ಗ್ಲೂ ಸ್ಟಿಕ್ ಸವರಿ, ರಾತ್ರಿಯಿಡೀ ದಪ್ಪ ನಿಘಂಟಿನ ಅಡಿಯಲ್ಲಿಡಿ.