ಪ್ಲೇನರ್ ಸ್ಪೀಕರಿಗೆ ಇಂಟಿಗ್ರೇಟೆಡ್ ಆಂಪ್ಲಿಫೈಯರ್ ಆರಿಸುವುದು ಹೇಗೆ?

ಪೆಟ್ಟಿಗೆಯೊಳಗಿನ ಕೋನ್ ಬದಲು ಚಪ್ಪಟೆ ಪ್ಯಾನೆಲಿನ ತೆಳು ಪೊರೆ ನಡುಗಿ ದನಿ ಹೊರಡಿಸುವುದು ಪ್ಲೇನರ್ ಸ್ಪೀಕರ್. ವಾಲ್ಯೂಮ್ ನಿಯಂತ್ರಣವೂ ಶಕ್ತಿ ಕೊಡುವ ಭಾಗವೂ ಒಂದೇ ಡಬ್ಬದಲ್ಲಿರುವುದು ಇಂಟಿಗ್ರೇಟೆಡ್ ಆಂಪ್ಲಿಫೈಯರ್. ಮ್ಯಾಗ್ನೆಪ್ಯಾನ್ ಎಲ್‌ಆರ್‌ಎಸ್ ಅಥವಾ 1.7ಐನಂಥ ಪ್ಲೇನರ್ ಮನೆಗೆ ತಂದವರ ಮೊದಲ ದೂರು ಸಾಮಾನ್ಯವಾಗಿ ಒಂದೇ. ಹಳೆಯ ಆಂಪ್ಲಿಫೈಯರಿನ ವಾಲ್ಯೂಮ್ ಮುಕ್ಕಾಲು ತಿರುಗಿಸಿದರೂ ಹಾಡು ಮೈದುಂಬಿಕೊಳ್ಳುವುದಿಲ್ಲ. ಇನ್ನೂ ತಿರುಗಿಸಿದರೆ ದನಿ ಒರಟಾಗುತ್ತದೆ, ಇಲ್ಲವೇ ಆಂಪ್ಲಿಫೈಯರ್ ತಾನಾಗಿಯೇ ಆಫ್ ಆಗಿಬಿಡುತ್ತದೆ. ಆಗ ಎಲ್ಲರೂ ಹುಡುಕುವುದು ‘ಹೆಚ್ಚು ವ್ಯಾಟ್’. ಆದರೆ ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವ ವ್ಯಾಟ್ 8 ಓಮ್ ಸ್ಪೀಕರಿನದು. ನಿಮ್ಮದು 4 ಓಮ್. (ಓಮ್ ಎಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ; ಅದು ಕಡಿಮೆಯಾದಷ್ಟೂ ಆಂಪ್ಲಿಫೈಯರ್ ಹೆಚ್ಚು ಕರೆಂಟ್ ಕೊಡಬೇಕು.)

ಮ್ಯಾಗ್ನೆಪ್ಯಾನ್ ಕೊಡುವ ಸೂಕ್ಷ್ಮತೆಯ ಅಂಕಿ, ಅಂದರೆ ಒಂದು ಮೀಟರ್ ದೂರದಲ್ಲಿ ಕೇಳುವ ಜೋರು, 2.83 ವೋಲ್ಟಿಗೆ 86 ಡೆಸಿಬಲ್. ಇದನ್ನು ಓದುವಾಗ ಎಚ್ಚರ ಬೇಕು. 2.83 ವೋಲ್ಟ್ ಎಂದರೆ 8 ಓಮಿನಲ್ಲಿ 1 ವ್ಯಾಟ್, 4 ಓಮಿನಲ್ಲಿ 2 ವ್ಯಾಟ್. ಹಾಗಾಗಿ ಒಂದು ವ್ಯಾಟಿಗೆ ಸಿಗುವುದು 83 ಡೆಸಿಬಲ್ ಮಾತ್ರ. 8 ಓಮಿನ, 89 ಡೆಸಿಬಲ್‌ನ ಮಾಮೂಲಿ ಪೆಟ್ಟಿಗೆ ಸ್ಪೀಕರಿನಷ್ಟೇ ಜೋರಾಗಿ ನುಡಿಸಲು ಇದಕ್ಕೆ ನಾಲ್ಕು ಪಟ್ಟು ಶಕ್ತಿ ಬೇಕು.

ಒಂದು ಅಂದಾಜು ಲೆಕ್ಕ ಹಾಕೋಣ. ಮೂರು ಮೀಟರ್ ದೂರದಲ್ಲಿ ಕೂತರೆ ಸುಮಾರು 6 ಡೆಸಿಬಲ್ ನಷ್ಟ, ಎರಡು ಸ್ಪೀಕರ್ ಇರುವುದರಿಂದ 3 ಡೆಸಿಬಲ್ ಲಾಭ. 2.83 ವೋಲ್ಟಿಗೆ ಕಿವಿಗೆ ಬೀಳುವುದು 83 ಡೆಸಿಬಲ್. ಇದೇ ಸಾಕಷ್ಟು ಜೋರು. ಆದರೆ ಮೃದಂಗದ ಒಂದು ಗುಮಕಿ, ಆರ್ಕೆಸ್ಟ್ರಾದ ಒಂದು ಏರು ಸರಾಸರಿಗಿಂತ 15ರಿಂದ 20 ಡೆಸಿಬಲ್ ಮೇಲೆ ಹೋಗುತ್ತದೆ. 20 ಡೆಸಿಬಲ್ ಎಂದರೆ ವೋಲ್ಟೇಜ್ ಹತ್ತು ಪಟ್ಟು: 28.3 ವೋಲ್ಟ್. ಅದು 4 ಓಮಿನಲ್ಲಿ 200 ವ್ಯಾಟ್, 7 ಆಂಪಿಯರ್. ಅಲೆಯ ತುದಿಯಲ್ಲಿ 10 ಆಂಪಿಯರ್. ಕೆಲವು ಆವರ್ತನಗಳಲ್ಲಿ ಓಮ್ ಮೂರಕ್ಕೆ ಇಳಿದರೆ ತುದಿಯ ಕರೆಂಟ್ 13 ಆಂಪಿಯರ್ ದಾಟುತ್ತದೆ. ಬಡಪಾಯಿ ಆಂಪ್ಲಿಫೈಯರುಗಳು ಕೈಚೆಲ್ಲುವುದು ಇಲ್ಲೇ.

ಈ 28.3 ವೋಲ್ಟನ್ನು 8 ಓಮಿನ ಲೆಕ್ಕದಲ್ಲಿ ಹೇಳಿದರೆ ಬರೀ 100 ವ್ಯಾಟ್. ಹಾಗಾದರೆ 100 ವ್ಯಾಟಿನ ಯಾವ ಆಂಪ್ಲಿಫೈಯರ್ ಆದರೂ ಸಾಕೇ? ಅದರ 4 ಓಮಿನ ಅಂಕಿ ಏನೆಂದು ನೋಡಿ. 200 ವ್ಯಾಟ್ ಇದ್ದರೆ ವೋಲ್ಟೇಜ್ ಕುಸಿದಿಲ್ಲ. 150 ಇದ್ದರೆ 24.5 ವೋಲ್ಟಿಗೆ ಇಳಿದಿದೆ, ಅಂದರೆ 1.2 ಡೆಸಿಬಲ್ ನಷ್ಟ; ಒಪ್ಪಬಹುದು. 110 ಎಂದು ಬರೆದಿದ್ದರೆ ವೋಲ್ಟೇಜ್ 21ಕ್ಕೆ ಕುಸಿದಿದೆ, ಪವರ್ ಸಪ್ಲೈ ಸಣ್ಣದು. 4 ಓಮಿನ ಅಂಕಿಯನ್ನೇ ಕೊಡದಿದ್ದರೆ, ಬೇರೆಯವರು ಮಾಡಿದ ಅಳತೆ ಸಿಗುವವರೆಗೆ ಕೊಳ್ಳುವ ಮಾತು ಬೇಡ. ‘1 ಕಿಲೋಹರ್ಟ್ಸ್’, ‘10% ಡಿಸ್ಟಾರ್ಷನ್’, ‘ಒಂದೇ ಚಾನೆಲ್’ ಎಂಬ ಷರತ್ತಿನ ಅಂಕಿಗಳನ್ನು ಪಕ್ಕಕ್ಕಿಡಿ. 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ, ಎರಡೂ ಚಾನೆಲ್ ಒಟ್ಟಿಗೆ ದುಡಿಯುವಾಗಿನ ಅಂಕಿಯೇ ಲೆಕ್ಕಕ್ಕೆ.

ನಿಮ್ಮ ಕೋಣೆಗೆ ನಿಜಕ್ಕೂ ಎಷ್ಟು ಬೇಕು ಎಂಬುದನ್ನು ಮಲ್ಟಿಮೀಟರಿನಿಂದ ಅಳೆಯಬಹುದು. ಕೊಳ್ಳುವ ಮುನ್ನ ಇದೊಂದನ್ನು ತಪ್ಪದೆ ಮಾಡಿ:

1. ನಿಮ್ಮ ಬಳಿ ಇರುವ ಆಂಪ್ಲಿಫೈಯರಿನಲ್ಲಿ, ನೀವು ಎಂದಾದರೂ ಕೇಳುವ ಅತಿ ಜೋರಿಗೆ ವಾಲ್ಯೂಮ್ ಇಡಿ. ಇನ್ನು ಆ ನಾಬ್ ಮುಟ್ಟಬೇಡಿ.

2. ಹಾಡು ನಿಲ್ಲಿಸಿ, ಆಂಪ್ಲಿಫೈಯರ್ ಆಫ್ ಮಾಡಿ, ಎರಡೂ ಸ್ಪೀಕರುಗಳ ತಂತಿ ಬಿಚ್ಚಿ. ವಾಲ್ವ್ ಆಂಪ್ಲಿಫೈಯರ್ ಆಗಿದ್ದರೆ ಈ ಕೆಲಸ ಮಾಡಲೇಬೇಡಿ. ಸ್ಪೀಕರ್ ಇಲ್ಲದೆ ನುಡಿಸಿದರೆ ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

3. ಮತ್ತೆ ಆನ್ ಮಾಡಿ, ಹಾಡು ನುಡಿಸಿದ ಸಾಧನದಿಂದಲೇ 100 ಹರ್ಟ್ಸ್‌ನ, ಪೂರ್ಣ ಮಟ್ಟಕ್ಕಿಂತ 12 ಡೆಸಿಬಲ್ ಕೆಳಗಿರುವ ಸೈನ್ ಟೋನ್ ನುಡಿಸಿ. ಸ್ಪೀಕರ್ ಟರ್ಮಿನಲ್‌ನಲ್ಲಿ ಎಸಿ ವೋಲ್ಟ್ ಅಳೆಯಿರಿ.

4. ಬಂದ ಅಂಕಿಯನ್ನು 4ರಿಂದ ಗುಣಿಸಿ (12 ಡೆಸಿಬಲ್ ಎಂದರೆ ವೋಲ್ಟೇಜ್ ನಾಲ್ಕು ಪಟ್ಟು), ವರ್ಗ ಮಾಡಿ, ಸ್ಪೀಕರಿನ ಓಮಿನಿಂದ ಭಾಗಿಸಿ.

ಮೀಟರ್ 5 ವೋಲ್ಟ್ ತೋರಿಸಿತೆನ್ನಿ: 20 ವೋಲ್ಟ್, ವರ್ಗ 400, ನಾಲ್ಕರಿಂದ ಭಾಗಿಸಿದರೆ 100 ವ್ಯಾಟ್. ಇದರ ಎರಡರಷ್ಟನ್ನು 4 ಓಮಿನಲ್ಲಿ ಕೊಡುವ ಆಂಪ್ಲಿಫೈಯರ್ ತಂದರೆ 3 ಡೆಸಿಬಲ್ ಬಿಡುವು ಸಿಗುತ್ತದೆ. ಬಹುತೇಕ ಸಣ್ಣ ಕೋಣೆಗಳಿಗೆ ಇಷ್ಟೇ ಸಾಕು. 500 ವ್ಯಾಟಿನ ಹುಚ್ಚು ಎಲ್ಲರಿಗೂ ಬೇಕಿಲ್ಲ.

ಈಗ ಮಾದರಿಗಳು. ರೋಟೆಲ್ ಆರ್‌ಎ-1592: 8 ಓಮಿನಲ್ಲಿ 200, 4 ಓಮಿನಲ್ಲಿ 350 ವ್ಯಾಟ್. ಪ್ಯಾರಾಸೌಂಡ್ ಹಿಂಟ್ 6: 160 ಮತ್ತು 240. ಕ್ರೆಲ್ ಕೆ-300ಐ 150 ಮತ್ತು 300: ಕಾಗದದ ಮೇಲೆ ರೋಟೆಲ್‌ಗಿಂತ ‘ಸಣ್ಣದು’, ಆದರೆ ಓಮ್ ಅರ್ಧವಾದಾಗ ವ್ಯಾಟ್ ಸರಿಯಾಗಿ ಎರಡು ಪಟ್ಟಾಗುತ್ತದೆ. ಗ್ರಿಫನ್ ಡಯಾಬ್ಲೊ 300 ಅಂತೂ 2 ಓಮಿನಲ್ಲೂ 950 ವ್ಯಾಟ್ ಕೊಡುತ್ತದೆ, ಬೆಲೆ ಮಾತ್ರ ಕೇಳಬೇಡಿ. ಸಬ್‌ವೂಫರ್ (ತಗ್ಗು ಸ್ವರಗಳಿಗೆ ಮೀಸಲಾದ ಸ್ಪೀಕರ್) ಬಳಸುವುದಾದರೆ ಹಿಂಟ್ 6 ಕಡೆಗೆ ನೋಡಿ. ಅದರಲ್ಲಿ ಸಬ್‌ವೂಫರಿಗೂ ಮುಖ್ಯ ಸ್ಪೀಕರಿಗೂ ಬೇರೆಬೇರೆಯಾಗಿ ಹೊಂದಿಸುವ ಅನಲಾಗ್ ಕ್ರಾಸ್‌ಓವರ್ (ತಗ್ಗು ಸ್ವರಗಳನ್ನೂ ಮೇಲಿನ ಸ್ವರಗಳನ್ನೂ ಬೇರ್ಪಡಿಸುವ ಭಾಗ) ಇದೆ. 80 ಹರ್ಟ್ಸ್‌ಗಿಂತ ಕೆಳಗಿನದನ್ನು ಸಬ್‌ವೂಫರಿಗೆ ಕೊಟ್ಟರೆ ತೆಳು ಪೊರೆಯೂ ಆಂಪ್ಲಿಫೈಯರೂ ಒಟ್ಟಿಗೆ ನಿರಾಳ.

ಎಬಿ ವರ್ಗದ, ಅಂದರೆ ಮಾಮೂಲಿ ಬಗೆಯ, ಆಂಪ್ಲಿಫೈಯರಿನಲ್ಲಿ ತೂಕವೂ ಒಂದು ಸಾಕ್ಷಿ. 4 ಓಮಿನಲ್ಲಿ ತಲಾ 200 ವ್ಯಾಟ್ ಸತತವಾಗಿ ಕೊಡಲು ಗೋಡೆಯಿಂದ 650 ವ್ಯಾಟಿಗಿಂತ ಹೆಚ್ಚು ಎಳೆಯಬೇಕು. ಅಷ್ಟು ದೊಡ್ಡ ಟ್ರಾನ್ಸ್‌ಫಾರ್ಮರ್ 8 ಕಿಲೋದ ಡಬ್ಬದೊಳಗೆ ಕೂರುವುದಿಲ್ಲ. ಸ್ವಿಚ್ಚಿನಂತೆ ವೇಗವಾಗಿ ಆನ್-ಆಫ್ ಆಗುತ್ತ ದುಡಿಯುವ ಡಿ ವರ್ಗಕ್ಕೆ ಈ ಮಾತು ಅನ್ವಯಿಸದು. ಅಲ್ಲಿ ನೋಡಬೇಕಾದದ್ದು ಫೀಡ್‌ಬ್ಯಾಕ್ (ತಪ್ಪು ತಿದ್ದಿಕೊಳ್ಳಲು ಹಿಂದಕ್ಕೆ ಕೊಡುವ ಸಂಕೇತ) ಔಟ್‌ಪುಟ್ ಫಿಲ್ಟರಿನ ನಂತರದಿಂದ ತೆಗೆದುಕೊಂಡಿದೆಯೇ ಎಂಬುದು. ಹೈಪೆಕ್ಸ್ ಎನ್‌ಕೋರ್ ಮತ್ತು ಪ್ಯೂರಿಫೈ ಮಾಡ್ಯೂಲುಗಳಲ್ಲಿ ಹಾಗಿದೆ. ಇಲ್ಲದಿದ್ದರೆ ಸ್ಪೀಕರಿನ ಓಮ್ ಬದಲಾದಂತೆ ಮೇಲಿನ ಸ್ವರಗಳ ಮಟ್ಟವೂ ಏರುಪೇರಾಗುತ್ತದೆ.

ಹಿಂಬದಿಯಲ್ಲಿ ‘4 ಓಮ್ / 8 ಓಮ್’ ಸ್ವಿಚ್ ಇದ್ದರೆ ಆಸೆಪಡಬೇಡಿ. ಹೋಮ್ ಥಿಯೇಟರಿನ ಬಹುತೇಕ ಎವಿ ರಿಸೀವರುಗಳಲ್ಲಿ ಅದು ಬಿಸಿ ಕಡಿಮೆ ಮಾಡಲು ಒಳಗಿನ ವೋಲ್ಟೇಜ್ ಇಳಿಸುತ್ತದೆ, ಅಷ್ಟೇ. ಪ್ಲೇನರಿಗೆ ಬೇಕಾದ್ದನ್ನೇ ಕಿತ್ತುಕೊಂಡಂತೆ.

ಅಯಸ್ಕಾಂತದ ಬದಲು ಹೆಚ್ಚಿನ ವೋಲ್ಟೇಜಿನಿಂದ ಪೊರೆ ನಡುಗಿಸುವ ಎಲೆಕ್ಟ್ರೋಸ್ಟಾಟಿಕ್ ಸ್ಪೀಕರಿನ ಕಥೆಯೇ ಬೇರೆ. ಮ್ಯಾಗ್ನೆಪ್ಯಾನ್ ಹೆಚ್ಚುಕಡಿಮೆ ಶುದ್ಧ ರೆಸಿಸ್ಟರಿನಂತೆ ವರ್ತಿಸಿದರೆ ಇದು ಕೆಪಾಸಿಟರ್: ಆವರ್ತನ ಏರಿದಂತೆ ಓಮ್ ಇಳಿಯುತ್ತದೆ. ಮಾರ್ಟಿನ್‌ಲೋಗನ್ ಎಲೆಕ್ಟ್ರೋಮೋಷನ್ ಇಎಸ್‌ಎಲ್ ಮೇಲೆ 6 ಓಮ್ ಎಂದಿದ್ದರೂ 20 ಕಿಲೋಹರ್ಟ್ಸ್‌ನಲ್ಲಿ 1.6 ಓಮ್. ಅಷ್ಟು ಮೇಲೆ ಸಂಗೀತದ ಶಕ್ತಿ ಕಡಿಮೆ ಇರುವುದರಿಂದ ಆಂಪ್ಲಿಫೈಯರ್ ಸಾಯುವುದಿಲ್ಲ, ಆದರೆ ಸ್ಥಿರತೆ ಇಲ್ಲದ ಆಂಪ್ಲಿಫೈಯರ್ ಕಿವಿಗೆ ಕೇಳದ ಆವರ್ತನದಲ್ಲಿ ತಾನಾಗಿಯೇ ಕಂಪಿಸತೊಡಗಿ ಬಿಸಿಯಾಗುತ್ತದೆ. 2 ಓಮಿಗೂ ಸ್ಥಿರ ಎಂದು ತಯಾರಕರೇ ಹೇಳಿರುವುದನ್ನು ಆರಿಸಿ. ಇನ್ನು 1957ರ ಕ್ವಾಡ್ ಇಎಸ್‌ಎಲ್‌ಗೆ ಜೋರು ಆಂಪ್ಲಿಫೈಯರೇ ಶತ್ರು: ತುದಿಯ ವೋಲ್ಟೇಜ್ 33 ದಾಟಿದರೆ ಪ್ಯಾನೆಲಿನೊಳಗೆ ಕಿಡಿ ಹಾರಿ ಪೊರೆ ತೂತಾಗಬಹುದು. ಅದಕ್ಕೆ ಜೊತೆಯಾಗಿದ್ದದ್ದು 15 ವ್ಯಾಟಿನ ಕ್ವಾಡ್ 2 ಆಂಪ್ಲಿಫೈಯರ್.

ಅಮೆರಿಕದಿಂದ ತರಿಸುವವರು ಹಿಂಬದಿಯಲ್ಲಿ 120 ವೋಲ್ಟ್ ಮಾತ್ರ ಇದೆಯೇ ನೋಡಿ. ನಮ್ಮ 230ಕ್ಕೆ ನೇರ ಹಾಕಿದರೆ ಮುಗಿಯಿತು. ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬಳಸುವುದಾದರೆ 1.5 ಕೆವಿಎಗೆ ಕಡಿಮೆ ಬೇಡ. ಟಿವಿಯ ಸ್ಟೆಬಿಲೈಜರಿಗೆ ಸಿಕ್ಕಿಸಿದರೆ ಮಾಡಿದ ಲೆಕ್ಕವೆಲ್ಲ ನೀರುಪಾಲು.

ಸ್ಪೀಕರ್ ತಂತಿ 2.5 ಚದರ ಮಿಲಿಮೀಟರ್ ತಾಮ್ರ ಸಾಕು: 5 ಮೀಟರ್ ದೂರಕ್ಕೆ ಹೋಗಿಬರುವ ರೆಸಿಸ್ಟೆನ್ಸ್ ಸುಮಾರು 0.07 ಓಮ್. ಮ್ಯಾಗ್ನೆಪ್ಯಾನ್ ಹಿಂದಿನ ಫ್ಯೂಸ್ ಪದೇಪದೇ ಹಾರುತ್ತಿದ್ದರೆ ದೊಡ್ಡ ಫ್ಯೂಸ್ ಹಾಕಬೇಡಿ, ಬದಲಿಗೆ ಆಂಪ್ಲಿಫೈಯರ್ ಕ್ಲಿಪ್ ಆಗುತ್ತಿದೆಯೇ, ಅಂದರೆ ತಾಕತ್ತು ಮೀರಿ ಅಲೆಯ ತುದಿ ಕತ್ತರಿಸಿಹೋಗುತ್ತಿದೆಯೇ ನೋಡಿ. ಸಣ್ಣ ಆಂಪ್ಲಿಫೈಯರನ್ನು ಹಿಂಡಿದಾಗ ಮೇಲಿನ ಸ್ವರಗಳ ಭಾಗಕ್ಕೆ ಹೆಚ್ಚು ಶಕ್ತಿ ಹರಿದು ಪೊರೆಗೆ ಅಂಟಿಸಿದ ತಂತಿ ಇಲ್ಲವೇ ಲೋಹದ ಪಟ್ಟಿ ಕಾಯುತ್ತದೆ. ಅಂಟು ಬಿಟ್ಟರೆ ರಿಪೇರಿಗೆ ಇಡೀ ಪ್ಯಾನೆಲನ್ನೇ ಬಿಚ್ಚಬೇಕು.