ಇಂಗ್ಲೆಂಡಿನಲ್ಲಿ ಕೌನ್ಸಿಲ್ ಮನೆ: ವಯಸ್ಸಾದವರು ಅರ್ಜಿ ಹಾಕುವ ಮುಂಚೆ ತಿಳ್ಕೋಬೇಕಾದ್ದು

ನಮ್ಮ ಸೋದರತ್ತೆಗೆ ಈಗ 71. ಮದುವೆಯಾಗಿ ಮೈಸೂರಿನಿಂದ ಇಲ್ಲಿಗೆ ಬಂದವರು, ಶಾಲೆಯೊಂದರ ಅಡುಗೆಮನೆಯಲ್ಲಿ ವರ್ಷಗಟ್ಟಲೆ ದುಡಿದವರು. ಮಾವ ಹೋದಮೇಲೆ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ಎರಡು ವರ್ಷದ ಹಿಂದೆ ಓನರ್ ಮನೆ ಮಾರ್ತೀನಿ, ಖಾಲಿ ಮಾಡಿ ಅಂದ. ಕೌನ್ಸಿಲ್ ಮನೆಗೆ (ಊರಿನ ಆಡಳಿತವಾದ ಕೌನ್ಸಿಲ್ ಕಡಿಮೆ ಬಾಡಿಗೆಗೆ ಕೊಡೋ ಮನೆ) ಅರ್ಜಿ ಹಾಕೋಣ ಅತ್ತೆ ಅಂದರೆ, "ಮಗ ಇದ್ದೂ ಸರ್ಕಾರದ ಮನೆಗೆ ಹೋದಳು ಅಂತ ಜನ ಆಡ್ಕೋತಾರೆ ಕಣೋ" ಅಂದರು. ಆ ಮಾತು ದಾಟೋಕೇ ಎರಡು ತಿಂಗಳು ಹೋಯ್ತು. ಆಮೇಲೆ ಓಡಾಡಿದ್ದು ನಾನು, ಹಾಗಾಗಿ ಕಲಿತದ್ದನ್ನೆಲ್ಲ ಇಲ್ಲಿ ಬರೀತಿದ್ದೀನಿ. ಇದು ಇಂಗ್ಲೆಂಡಿನ ಲೆಕ್ಕ ಮಾತ್ರ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿನ ನಿಯಮ ಬೇರೆ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನಮ್ಮವರು ಇದರಲ್ಲಿ ಎಡವೋದು ಇಂಗ್ಲಿಷ್ ಬರಲ್ಲ ಅಂತ ಅಲ್ಲ. ಎಡವೋದು ಊರಿನ ವಿಷಯದಲ್ಲಿ. ಊರಲ್ಲಿರೋ ಸೈಟು, ಊರಿಗೆ ಹೋಗಿ ಮೂರು ತಿಂಗಳು ಇರೋ ಅಭ್ಯಾಸ, ಮತ್ತೆ ಯಾವ ವೀಸಾದಲ್ಲಿ ಬಂದರು ಅನ್ನೋದು.

ಅರ್ಜಿ ಹಾಕೋ ಹಕ್ಕು ಇದೆಯಾ ನೋಡಿ

ಬ್ರಿಟಿಷ್ ಪೌರರಾಗಿದ್ದರೆ, ಅಥವಾ ಇಲ್ಲೇ ಕಾಯಂ ಇರುವ ಅನುಮತಿ (ಐಎಲ್ಆರ್) ಇದ್ದರೆ ಸಾಮಾನ್ಯವಾಗಿ ಅರ್ಜಿ ಹಾಕಬಹುದು. ಆದರೆ ಮಗನೋ ಮಗಳೋ "ಇವರ ಖರ್ಚೆಲ್ಲ ನಂದು" ಅಂತ ಬರೆದುಕೊಟ್ಟು ಅಪ್ಪ ಅಮ್ಮನನ್ನು ಕರೆಸಿಕೊಂಡಿದ್ದರೆ, ಆ ಮುಚ್ಚಳಿಕೆಗೆ ಐದು ವರ್ಷದ ಬಲ ಇದೆ. ಐಎಲ್ಆರ್ ಕೈಯಲ್ಲಿದ್ದರೂ ಆ ಐದು ವರ್ಷ ಕೌನ್ಸಿಲ್ ಮನೆ ಸಿಗಲ್ಲ, ಪೆನ್ಶನ್ ಕ್ರೆಡಿಟ್ (ಆದಾಯ ಕಡಿಮೆ ಇರೋ ಹಿರಿಯರಿಗೆ ಸರ್ಕಾರ ಕೊಡೋ ನೆರವು) ಕೂಡ ಸಿಗಲ್ಲ. ಬರೆದುಕೊಟ್ಟವರು ತೀರಿಹೋದರೆ ಮಾತ್ರ ವಿನಾಯಿತಿ. ಸಾರ್ವಜನಿಕ ಹಣಕ್ಕೆ ಕೈ ಹಾಕುವಂತಿಲ್ಲ ಅಂತ ಷರತ್ತಿರೋ ವೀಸಾದಲ್ಲಿದ್ದರೆ ಅರ್ಜಿ ಹಾಕಲೇಬೇಡಿ, ಮೊದಲು ವಲಸೆ ಕಾನೂನು ಬಲ್ಲವರನ್ನು ಕೇಳಿ.

ಇನ್ನೊಂದು ಗುಂಪಿದೆ. ರಿಟೈರ್ ಆಗಿ ಬೆಂಗಳೂರಿಗೋ ಧಾರವಾಡಕ್ಕೋ ಹೋಗಿ ಏಳೆಂಟು ವರ್ಷ ಇದ್ದು, ಮೈ ಹುಷಾರಿಲ್ಲ ಅಂತ ವಾಪಸ್ ಬಂದವರು. ಬ್ರಿಟಿಷ್ ಪಾಸ್‌ಪೋರ್ಟ್ ಇದ್ದರೂ ವಿಮಾನ ಇಳಿದ ಮಾರನೇ ದಿನ ಅರ್ಜಿ ಹಾಕಿದರೆ ನಡೆಯಲ್ಲ. ಇಲ್ಲೇ ನೆಲೆಸೋಕೆ ಬಂದಿದ್ದೀರಿ ಅಂತ ತೋರಿಸಬೇಕು. ಡಾಕ್ಟರ ಹತ್ತಿರ ಹೆಸರು ನೋಂದಾಯಿಸಿದ್ದು, ಬ್ಯಾಂಕ್ ಖಾತೆ, ಸಾಮಾನು ಸಾಗಿಸಿದ ರಸೀದಿ, ಅಲ್ಲಿನ ಮನೆ ಬಿಟ್ಟ ಕಾಗದ, ಇವೆಲ್ಲ ಇಟ್ಟುಕೊಂಡಿರಿ. ಇವರಿಗೆ ಒಂದು ಒಳ್ಳೇ ಸುದ್ದಿನೂ ಇದೆ. ಭಾರತದಲ್ಲಿದ್ದಾಗ ಇಲ್ಲಿನ ಸ್ಟೇಟ್ ಪೆನ್ಶನ್ ವರ್ಷವರ್ಷ ಏರಲ್ಲ, ಹೋದಾಗ ಎಷ್ಟಿತ್ತೋ ಅಷ್ಟಕ್ಕೇ ನಿಂತಿರುತ್ತೆ. ವಾಪಸ್ ಬಂದು ನೆಲೆಸಿದ ಮೇಲೆ ಈಗಿನ ದರಕ್ಕೆ ಏರಿಸ್ತಾರೆ. ಪೆನ್ಶನ್ ಕಚೇರಿಗೆ ತಿಳಿಸೋದು ಮರೀಬೇಡಿ.

ಅರ್ಜಿ

ನೀವಿರುವ ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ಹೌಸಿಂಗ್ ರಿಜಿಸ್ಟರ್ (ಮನೆಗೆ ಕಾಯುವವರ ಪಟ್ಟಿ) ಅಂತ ಇರುತ್ತೆ, ಅಲ್ಲಿಂದ ಶುರು. ಯಾರಿಗೆ ಮನೆ ಕೊಡಬೇಕು ಅನ್ನೋ ನಿಯಮ ಒಂದೊಂದು ಕೌನ್ಸಿಲ್‌ಗೆ ಒಂದೊಂದು ಥರ, 2011ರ ಲೋಕಲಿಸಂ ಆಕ್ಟ್ ಆ ಸ್ವಾತಂತ್ರ್ಯ ಕೊಟ್ಟಿದೆ. ಹಾಗಾಗಿ ಲೆಸ್ಟರ್‌ನಲ್ಲಿರೋ ನಿಮ್ಮ ನಾದಿನಿ ಹೇಳಿದ್ದು ನಿಮ್ಮೂರಲ್ಲಿ ನಡೆಯದೇ ಇರಬಹುದು. ಅದೇ ಊರಲ್ಲಿ ಇಷ್ಟು ವರ್ಷ ಇದ್ದಿರಬೇಕು ಅಂತ ಬಹಳ ಕಡೆ ಕೇಳ್ತಾರೆ, ಎರಡು ವರ್ಷ ಅನ್ನೋದು ಮಾಮೂಲು, ಕೆಲವು ಕಡೆ ಐದು. ಆನ್‌ಲೈನ್ ಆಗಲ್ಲ ಅಂದರೆ ಫೋನಿನಲ್ಲಿ ಅಥವಾ ಎದುರಿಗೆ ಕೂತು ಭರ್ತಿ ಮಾಡೋಕೆ ಸಹಾಯ ಕೇಳಿ, ದುಭಾಷಿ ಬೇಕಾದರೂ ಕೇಳಿ. ಸಂಕೋಚ ಬೇಡ.

ಈಗ ನಿಜ ಹೇಳ್ತೀನಿ. 2024ರ ಲೆಕ್ಕದಲ್ಲಿ ಇಂಗ್ಲೆಂಡಿನ ಕಾಯುವ ಪಟ್ಟಿಯಲ್ಲಿ 13 ಲಕ್ಷಕ್ಕೂ ಜಾಸ್ತಿ ಕುಟುಂಬಗಳಿದ್ದವು. ಇದು ನೋಡಿ ಅತ್ತೆ "ನಾನು ಸತ್ತಮೇಲೆ ಕೀ ಕೊಡ್ತಾರೆ" ಅಂದಿದ್ದರು. ಆದರೆ ವಯಸ್ಸಾದವರಿಗೆ ಪಕ್ಕದಲ್ಲಿ ಇನ್ನೊಂದು ಬಾಗಿಲಿದೆ. ಅದೇ ಶೆಲ್ಟರ್ಡ್ ಹೌಸಿಂಗ್. 55 ಅಥವಾ 60 ದಾಟಿದವರಿಗೆ ಅಂತಲೇ ಇರೋ ಫ್ಲ್ಯಾಟುಗಳು. ನಿಮ್ಮ ಬಾಗಿಲು, ನಿಮ್ಮ ಅಡುಗೆಮನೆ, ನಿಮ್ಮ ಬಾಡಿಗೆ ಕರಾರು. ಜೊತೆಗೆ ಎಲ್ಲರೂ ಕೂತು ಮಾತಾಡೋ ಒಂದು ಹಾಲ್, ಬಟ್ಟೆ ಒಗೆಯೋ ಕೋಣೆ, ಬಿದ್ದರೆ ಸಹಾಯಕ್ಕೆ ಕರೆಯೋಕೆ ಎಳೆಯೋ ಹಗ್ಗ, ಬಹಳ ಕಡೆ ವಿಚಾರಿಸಿಕೊಳ್ಳೋಕೆ ಒಬ್ಬ ಮ್ಯಾನೇಜರ್. ಇದು ವೃದ್ಧಾಶ್ರಮ ಅಲ್ಲ, ದಯವಿಟ್ಟು ಅಮ್ಮನಿಗೆ ಹಾಗಂತ ಹೇಳಿ ಹೆದರಿಸಬೇಡಿ. ಮಾಮೂಲಿ ಕೌನ್ಸಿಲ್ ಮನೆಗಿಂತ ಇಲ್ಲಿ ಸರದಿ ಸಾಮಾನ್ಯವಾಗಿ ಬೇಗ ಬರುತ್ತೆ. ಊಟ, ಸ್ನಾನಕ್ಕೂ ಇನ್ನೊಬ್ಬರು ಬೇಕು ಅನ್ನೋ ಸ್ಥಿತಿ ಇದ್ದರೆ ಎಕ್ಸ್‌ಟ್ರಾ ಕೇರ್ ಅಂತ ಬೇರೆ ಇದೆ, ಅದಕ್ಕೆ ಸೋಷಿಯಲ್ ಸರ್ವಿಸಸ್‌ನವರು ಬಂದು ನೋಡಬೇಕು.

ಅರ್ಜಿಯಲ್ಲಿ ಶೆಲ್ಟರ್ಡ್ ಬೇಕಾ ಅನ್ನೋ ಪ್ರಶ್ನೆ ಇದ್ದರೆ ಹೌದು ಅನ್ನಿ. ನಾನು ಮೊದಲ ಸಲ ಅದನ್ನು ಖಾಲಿ ಬಿಟ್ಟಿದ್ದೆ, ಐದು ತಿಂಗಳು ಸುಮ್ನೆ ಹೋಯ್ತು.

ಆರೋಗ್ಯದ ಭಾಗ ಬಿಡಿಸಿ ಬರೀರಿ. ನಮ್ಮ ಹಿರಿಯರು "ಏನೋ ವಯಸ್ಸಾಯ್ತು, ಪರವಾಗಿಲ್ಲ" ಅಂತಾರೆ, ಅರ್ಜಿಯಲ್ಲೂ ಹಾಗೇ ಬರೆಸ್ತಾರೆ. ಮಂಡಿ ನೋವು ಅಂತ ಬರೆದರೆ ಸಾಲದು. ಮೂರನೇ ಮಹಡಿ, ಲಿಫ್ಟ್ ಇಲ್ಲ, ಮೆಟ್ಟಿಲು ಹತ್ತೋವಾಗ ಎರಡು ಸಲ ನಿಲ್ಲಬೇಕು, ಚಳಿಗಾಲದಲ್ಲಿ ಎರಡು ಸಲ ಜಾರಿದ್ದಾರೆ, ಸ್ನಾನದ ತೊಟ್ಟಿಗೆ ಕಾಲೆತ್ತಿ ಇಳಿಯೋಕೆ ಆಗಲ್ಲ, ಹೀಗೆ ಬರೀರಿ. ಡಾಕ್ಟರ ಪತ್ರವೂ ಇದೇ ಥರ ಇರಬೇಕು, ಈಗಿನ ಮನೆಯಿಂದ ಆರೋಗ್ಯ ಹೇಗೆ ಕೆಡ್ತಿದೆ ಅಂತ. ಕಾಯಿಲೆಗಳ ಪಟ್ಟಿ ಕೊಟ್ಟರೆ ಅದರಿಂದ ಬ್ಯಾಂಡ್ (ಪಟ್ಟಿಯಲ್ಲಿ ನಿಮ್ಮ ಆದ್ಯತೆಯ ದರ್ಜೆ) ಏರಲ್ಲ. ಮಗನ ಮನೆಯಲ್ಲಿ ಮೊಮ್ಮಕ್ಕಳ ಜೊತೆ ಒಂದೇ ಕೋಣೆಯಲ್ಲಿ ಮಲಗ್ತಿದ್ದರೆ ಅದನ್ನೂ ಹೇಳಿ. ಇಕ್ಕಟ್ಟಿನ ಮನೆ, ಕೆಟ್ಟ ಸ್ಥಿತಿಯ ಮನೆ, ಆರೋಗ್ಯದ ಅಗತ್ಯ, ಮನೆಯೇ ಇಲ್ಲದಿರುವುದು, ಇವಕ್ಕೆಲ್ಲ ಆದ್ಯತೆ ಕೊಡಬೇಕು ಅಂತ 1996ರ ಹೌಸಿಂಗ್ ಆಕ್ಟ್‌ನಲ್ಲೇ ಇದೆ.

ಪಟ್ಟಿಗೆ ಹೆಸರು ಸೇರಿತು ಅಂತ ಕಾಯ್ತಾ ಕೂತರೆ ಬಹಳ ಕಡೆ ಯಾರೂ ಕರೆಯಲ್ಲ. ಖಾಲಿ ಇರೋ ಮನೆಗಳನ್ನು ಹಾಕ್ತಾರೆ, ಹೆಚ್ಚಿನ ಕಡೆ ವಾರಕ್ಕೊಮ್ಮೆ, ನೀವೇ ನೋಡಿ "ಬಿಡ್" ಮಾಡಬೇಕು. ಹರಾಜು ಅಂದುಕೊಂಡು ಅತ್ತೆ ಗಾಬರಿಯಾಗಿದ್ದರು. ಇದರಲ್ಲಿ ದುಡ್ಡಿನ ಮಾತೇ ಇಲ್ಲ, ಈ ಮನೆ ನನಗಾಗುತ್ತೆ ಅಂತ ಕೈ ಎತ್ತೋದು ಅಷ್ಟೇ. ಕೈ ಎತ್ತಿದವರಲ್ಲಿ ಯಾರ ಬ್ಯಾಂಡ್ ಮೇಲಿದೆ, ಯಾರು ಜಾಸ್ತಿ ಕಾದಿದ್ದಾರೆ ನೋಡಿ ಕೊಡ್ತಾರೆ. ಪ್ರತಿ ವಾರ ಮಾಡೋಕೆ ಆಗದವರ ಪರವಾಗಿ ಬಿಡ್ ಹಾಕುವ ವ್ಯವಸ್ಥೆ ಇದೆಯಾ ಅಂತ ಕೇಳಿ, ಬಹಳ ಕಡೆ ಇರುತ್ತೆ. ಬಂದ ಮನೆಯನ್ನು ಸುಮ್ಮಸುಮ್ಮನೆ ಬೇಡ ಅಂದರೆ ಪಟ್ಟಿಯಲ್ಲಿ ಕೆಳಗೆ ತಳ್ಳಬಹುದು, ಹಾಗಾಗಿ ಬಿಡ್ ಮಾಡುವ ಮುಂಚೆಯೇ ಬಸ್ಸಿನಲ್ಲಿ ಹೋಗಿ ಬೀದಿ ನೋಡಿ ಬನ್ನಿ. ತೀರ್ಮಾನ ತಪ್ಪು ಅನ್ನಿಸಿದರೆ ಮರುಪರಿಶೀಲನೆ ಕೇಳುವ ಹಕ್ಕಿದೆ. ಪತ್ರದಲ್ಲಿರೋ ಗಡುವು ನೋಡಿ, 21 ದಿನ ಅನ್ನೋದು ಮಾಮೂಲು.

ಓನರ್ ನೋಟಿಸ್ ಕೊಟ್ಟಿದ್ದರೆ ಇದೆಲ್ಲಕ್ಕೂ ಮೊದಲು ಅದೇ ಕೌನ್ಸಿಲ್‌ನ ಹೋಮ್‌ಲೆಸ್ ವಿಭಾಗಕ್ಕೆ ಹೋಗಿ. 56 ದಿನದೊಳಗೆ ಮನೆ ಕಳೆದುಕೊಳ್ಳೋ ಪರಿಸ್ಥಿತಿ ಇದ್ದರೆ ಸಹಾಯ ಮಾಡೋದು ಅವರ ಕರ್ತವ್ಯ, 2018ರಿಂದ ಜಾರಿಯಲ್ಲಿರೋ ಕಾನೂನು ಅದು. ಮಾನ ಹೋಗುತ್ತೆ ಅಂತ ನೋಟಿಸ್ ಅವಧಿಗೆ ಮುಂಚೆಯೇ ಕೀ ಕೊಟ್ಟು ಹೊರಬೀಳಬೇಡಿ. ಬೇಕಂತಲೇ ಮನೆ ಬಿಟ್ಟರು ಅಂತ ಬರೆದುಕೊಂಡರೆ ಆಮೇಲೆ ಬಹಳ ಕಷ್ಟ. ಅತ್ತೆ ಪೆಟ್ಟಿಗೆ ಕಟ್ಟಿಯಾಗಿತ್ತು, ನಾನೇ ತಡೆದೆ.

ದುಡ್ಡು

ಮೊದಲು ಪೆನ್ಶನ್ ಕ್ರೆಡಿಟ್, ಆಮೇಲೆ ಹೌಸಿಂಗ್ ಬೆನಿಫಿಟ್ (ಬಾಡಿಗೆ ಕಟ್ಟೋಕೆ ಸಿಗೋ ನೆರವು). ಈ ಕ್ರಮ ಮುಖ್ಯ, ಯಾಕೆ ಅಂತ ಹೇಳ್ತೀನಿ.

ಸ್ಟೇಟ್ ಪೆನ್ಶನ್ ವಯಸ್ಸು 66 ಇದ್ದದ್ದು 2026ರಿಂದ 2028ರೊಳಗೆ ನಿಧಾನವಾಗಿ 67ಕ್ಕೆ ಏರುತ್ತೆ. ಆ ವಯಸ್ಸು ದಾಟಿ ಆದಾಯ ಕಡಿಮೆ ಇದ್ದರೆ ಪೆನ್ಶನ್ ಕ್ರೆಡಿಟ್ ಅದನ್ನು ತುಂಬಿಕೊಡುತ್ತೆ. 2025-26ರಲ್ಲಿ ಒಬ್ಬರಿಗೆ ವಾರಕ್ಕೆ 227.10 ಪೌಂಡ್, ದಂಪತಿಗೆ 346.60 ಪೌಂಡ್‌ವರೆಗೆ ಇತ್ತು. ಇದರಲ್ಲಿ ಗ್ಯಾರಂಟಿ ಕ್ರೆಡಿಟ್ ಅನ್ನೋ ಭಾಗ ಒಂದು ಪೌಂಡ್ ಬಂದರೂ ಸಾಕು, ಬಾಡಿಗೆಗೆ ಪೂರ್ತಿ ಹೌಸಿಂಗ್ ಬೆನಿಫಿಟ್ ಸಿಗುವ ದಾರಿ ತೆರೆಯುತ್ತೆ. ಉಳಿತಾಯ 16,000 ಪೌಂಡ್ ಮೀರಿದರೆ ಹೌಸಿಂಗ್ ಬೆನಿಫಿಟ್ ಇಲ್ಲ ಅನ್ನೋದು ಸಾಮಾನ್ಯ ನಿಯಮ, ಗ್ಯಾರಂಟಿ ಕ್ರೆಡಿಟ್ ಇದ್ದವರಿಗೆ ಆ ಮಿತಿಯೂ ಇಲ್ಲ. ಉಳಿತಾಯದಲ್ಲಿ ಮೊದಲ 10,000 ಲೆಕ್ಕಕ್ಕೇ ಬರಲ್ಲ. ಅದರ ಮೇಲೆ ಪ್ರತಿ 500ಕ್ಕೆ ವಾರಕ್ಕೆ ಒಂದು ಪೌಂಡ್ ಆದಾಯ ಅಂತ ಹಿಡೀತಾರೆ. ಪೆನ್ಶನ್ ಕ್ರೆಡಿಟ್‌ಗೆ 0800 99 1234ಕ್ಕೆ ಫೋನ್ ಮಾಡಿ, ಹಿಂದಿನ ಮೂರು ತಿಂಗಳದ್ದೂ ಕೊಡಿ ಅಂತ ಕೇಳಿ. ಹೌಸಿಂಗ್ ಬೆನಿಫಿಟ್ ಅದರ ಜೊತೆಗೇ ಕೇಳಬಹುದು, ಇಲ್ಲವೇ ಕೌನ್ಸಿಲ್‌ಗೆ ಹಾಕಬಹುದು. ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಇನ್ನೂ ಪೆನ್ಶನ್ ವಯಸ್ಸು ಆಗಿಲ್ಲದಿದ್ದರೆ ಇವೆರಡೂ ಸಾಮಾನ್ಯವಾಗಿ ಇಲ್ಲ, ಯೂನಿವರ್ಸಲ್ ಕ್ರೆಡಿಟ್ (ದುಡಿಯೋ ವಯಸ್ಸಿನವರಿಗೆ ಇರೋ ನೆರವು) ಕಡೆ ಕಳಿಸ್ತಾರೆ. 2019ರ ಮೇ ತಿಂಗಳಿಂದ ಹಾಗಾಗಿದೆ.

ಶೆಲ್ಟರ್ಡ್ ಮನೆಗೆ ಬಾಡಿಗೆ ಅಲ್ಲದೆ ಸರ್ವಿಸ್ ಚಾರ್ಜ್ ಅಂತ ಇರುತ್ತೆ. ಲಿಫ್ಟು, ಓಣಿಯ ದೀಪ, ಮೆಟ್ಟಿಲು ಗುಡಿಸೋದು, ಇಂಥದ್ದಕ್ಕೆ ಹೌಸಿಂಗ್ ಬೆನಿಫಿಟ್ ಬರುತ್ತೆ. ನಿಮ್ಮ ಫ್ಲ್ಯಾಟಿನ ಹೀಟಿಂಗ್, ನೀರು, ಅಲಾರಂ ಸೇವೆ, ಇವಕ್ಕೆ ಬರಲ್ಲ. ಸಹಿ ಹಾಕುವ ಮುಂಚೆ ಒಂದೇ ಪ್ರಶ್ನೆ ಕೇಳಿ: ಬೆನಿಫಿಟ್ ಎಲ್ಲ ಕಳೆದು ವಾರಕ್ಕೆ ನನ್ನ ಕೈಯಿಂದ ಎಷ್ಟು ಹೋಗುತ್ತೆ? ಉತ್ತರ ಬರೆದು ಕೊಡಿ ಅನ್ನಿ. ಬೆಂಗಳೂರಿನ ಥರ ಹತ್ತು ತಿಂಗಳ ಅಡ್ವಾನ್ಸ್ ಕಾಟ ಇಲ್ಲ, ಸಾಮಾನ್ಯವಾಗಿ ಒಂದೆರಡು ವಾರದ ಬಾಡಿಗೆ ಮುಂಗಡ ಕೇಳಬಹುದು ಅಷ್ಟೇ. ಒಂದು ಕೋಣೆ ಜಾಸ್ತಿ ಇದೆ ಅಂತ ಬೆನಿಫಿಟ್ ಕತ್ತರಿಸೋ ನಿಯಮ ಪೆನ್ಶನ್ ವಯಸ್ಸಿನವರಿಗೆ ಅನ್ವಯಿಸಲ್ಲ. ಕೌನ್ಸಿಲ್ ಟ್ಯಾಕ್ಸ್ (ಮನೆಗೆ ಕಟ್ಟೋ ಸ್ಥಳೀಯ ತೆರಿಗೆ) ರಿಯಾಯಿತಿಗೆ ಬೇರೆ ಅರ್ಜಿ ಹಾಕಿ, ಒಬ್ಬರೇ ಇದ್ದರೆ 25% ಕಡಿತ ಹೇಗೂ ಇದೆ. ಕೈಕಾಲಿಗೆ ಆಸರೆ ಬೇಕಾದವರು ಅಟೆಂಡೆನ್ಸ್ ಅಲವೆನ್ಸ್ ಕೇಳಿ, ಅದಕ್ಕೆ ಆದಾಯ ನೋಡಲ್ಲ.

ಊರಿನ ಆಸ್ತಿ

ಇಲ್ಲಿಗೆ ಬಂದಾಗ ಎಲ್ಲರ ಧ್ವನಿ ತಗ್ಗುತ್ತೆ. "ಹಾಸನದಲ್ಲಿ ಒಂದು ಸೈಟಿದೆ, ಅದು ಇವರಿಗೆ ಹೇಗೆ ಗೊತ್ತಾಗುತ್ತೆ ಬಿಡಿ" ಅಂತಾರೆ. ಮುಚ್ಚಿಡಬೇಡಿ. ಭಾರತದ ಮನೆ, ಸೈಟು, ಜಮೀನು, ಎಫ್‌ಡಿ ಎಲ್ಲವೂ ಇಲ್ಲಿ ಬಂಡವಾಳ ಅಂತ ಲೆಕ್ಕ. ಅಲ್ಲಿಂದ ಬರೋ ಬಾಡಿಗೆ, ಪಿಂಚಣಿ ಆದಾಯ. ಸ್ವಂತ ಮನೆ ಇದ್ದವರನ್ನು ಪಟ್ಟಿಗೇ ಸೇರಿಸದ ಕೌನ್ಸಿಲ್‌ಗಳೂ ಇವೆ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಕೊಟ್ಟ ದುಡ್ಡು ವಾಪಸ್ ಕೇಳ್ತಾರೆ, ಮನೆ ಹೋಗುತ್ತೆ, ಕೇಸೂ ಆಗಬಹುದು. ಅರ್ಜಿಗೆ ಮುಂಚೆ ಮಗನ ಹೆಸರಿಗೆ ದಾನಪತ್ರ ಮಾಡಿಬಿಟ್ಟರೆ ಆಯ್ತಲ್ವಾ ಅಂತ ಕೇಳಿದವರೂ ಇದ್ದಾರೆ. ಬೆನಿಫಿಟ್ ಸಿಗಲಿ ಅಂತಲೇ ಕೊಟ್ಟಿದ್ದು ಅನ್ನಿಸಿದರೆ ಆಸ್ತಿ ಇನ್ನೂ ನಿಮ್ಮದೇ ಅಂತ ಲೆಕ್ಕ ಹಾಕ್ತಾರೆ.

ಹಾಗಂತ ಸೈಟಿದ್ದರೆ ಎಲ್ಲ ಮುಗೀತು ಅಂತಲೂ ಅಲ್ಲ. ಅಣ್ಣತಮ್ಮಂದಿರ ಜೊತೆ ಇನ್ನೂ ಪಾಲಾಗದ ಪಿತ್ರಾರ್ಜಿತ ಜಮೀನಾದರೆ ನಿಮ್ಮ ಪಾಲಿಗೆ ಮಾತ್ರ ಬೆಲೆ ಕಟ್ಟಬೇಕು, ಕೊಳ್ಳುವವರೇ ಇಲ್ಲದ ಪಾಲಿನ ಬೆಲೆ ಕಡಿಮೆ. ಪಹಣಿ, ವಂಶವೃಕ್ಷ, ಕೋರ್ಟಿನಲ್ಲಿದ್ದರೆ ಅದರ ಕಾಗದ, ಇಂಗ್ಲಿಷ್ ಅನುವಾದದ ಜೊತೆ ಕೊಡಿ. ಅತ್ತೆಗೆ ತವರಿನ ಮನೆಯಲ್ಲಿ ಐದರಲ್ಲೊಂದು ಪಾಲಿತ್ತು. ಹೇಳಿದೆವು, ಬೆಲೆ ಕಟ್ಟಿಸಿದರು, ಮಿತಿಯೊಳಗೇ ಬಂತು.

ಊರಿಗೆ ಹೋಗೋ ವಿಷಯ. ಪೆನ್ಶನ್ ಕ್ರೆಡಿಟ್, ಹೌಸಿಂಗ್ ಬೆನಿಫಿಟ್ ಎರಡೂ ವಿದೇಶದಲ್ಲಿದ್ದಾಗ ಸಾಮಾನ್ಯವಾಗಿ ನಾಲ್ಕು ವಾರದವರೆಗೆ ಮಾತ್ರ. ಹತ್ತಿರದವರು ತೀರಿಕೊಂಡು ತಕ್ಷಣ ಬರೋಕೆ ಆಗದಿದ್ದರೆ ಎಂಟು ವಾರದವರೆಗೆ, ಚಿಕಿತ್ಸೆಯ ಕಾರಣಕ್ಕೆ 26 ವಾರದವರೆಗೆ ಸಿಗಬಹುದು. ಡಿಸೆಂಬರಿನಲ್ಲಿ ಹೋಗಿ ಯುಗಾದಿ ಮುಗಿಸಿಕೊಂಡು ಬರ್ತೀನಿ ಅನ್ನೋದು ನಡೆಯಲ್ಲ. ಹೋಗೋ ಮುಂಚೆ ಎರಡೂ ಕಡೆ ತಿಳಿಸಿ, ಟಿಕೆಟ್ ಪ್ರತಿ ಇಟ್ಟುಕೊಳ್ಳಿ. ಮನೆಯೂ ಅಷ್ಟೇ, ಅದು ನಿಮ್ಮ ಮುಖ್ಯ ಮನೆಯಾಗಿರಬೇಕು, ಬೀಗ ಹಾಕಿ ಅರ್ಧ ವರ್ಷ ಊರಲ್ಲಿದ್ದರೆ ಕೇಳ್ತಾರೆ. ಖಾಲಿ ಇದೆ ಅಂತ ಪರಿಚಯದವರ ಮಗನಿಗೆ ಬಾಡಿಗೆಗೆ ಕೊಡೋದಂತೂ ಅಪರಾಧ.

ಕೀ ಕೈಗೆ ಬಂದಾಗ

ದಂಪತಿಯಾದರೆ ಕರಾರು ಇಬ್ಬರ ಹೆಸರಲ್ಲೂ ಇರಲಿ. ಒಬ್ಬರು ಹೋದರೆ ಇನ್ನೊಬ್ಬರು ಯಾರನ್ನೂ ಕೇಳದೆ ಮುಂದುವರಿಯಬಹುದು. ಬಹಳ ಕಡೆ ಮೊದಲ ವರ್ಷ ಪರೀಕ್ಷೆಯ ಅವಧಿ, ಬಾಡಿಗೆ ಬಾಕಿ ಬೀಳದಂತೆ ನೋಡ್ಕೊಳ್ಳಿ. ಬೆನಿಫಿಟ್ ಮಂಜೂರಾಗೋದು ತಡವಾದರೆ ಬಾಡಿಗೆ ವಿಭಾಗಕ್ಕೆ ಫೋನ್ ಮಾಡಿ ಹೇಳಿಡಿ.

ಮನೆ ಅಂದರೆ ನಾಲ್ಕು ಗೋಡೆ. ಬಹಳ ಸಲ ಕಾರ್ಪೆಟ್ ಇರಲ್ಲ, ಒಲೆ ಇರಲ್ಲ, ಪರದೆ ಇರಲ್ಲ. ಕಷ್ಟದಲ್ಲಿರೋರಿಗೆ ಕೌನ್ಸಿಲ್‌ನಿಂದ ಸಹಾಯಧನ ಇದೆಯಾ ಕೇಳಿ. ಅರ್ಜಿಯಲ್ಲೇ ಸಿಕ್ಕಿಹಾಕಿಕೊಂಡಿದ್ದರೆ ಏಜ್ ಯುಕೆ (0800 678 1602), ಶೆಲ್ಟರ್ (0808 800 4444) ಅನ್ನೋ ಎರಡು ಸೇವಾ ಸಂಸ್ಥೆಯವರೂ ಪುಕ್ಕಟೆ ಸಲಹೆ ಕೊಡ್ತಾರೆ. ನಮಗೆ ಏಜ್ ಯುಕೆಯವರಿಂದ ಬಹಳ ಉಪಕಾರ ಆಯ್ತು.

ಆ ಎಳೆಯೋ ಹಗ್ಗವನ್ನು ಅಡ್ಡ ಬರುತ್ತೆ ಅಂತ ಮೇಲಕ್ಕೆ ಕಟ್ಟಬೇಡಿ. ಬಿದ್ದವರ ಕೈಗೆ ಸಿಗಲಿ ಅಂತಲೇ ಅದು ನೆಲದವರೆಗೆ ಇರೋದು. ಹೊಗೆ ಅಲಾರಂ ಕೂಡ ಬಹಳ ಕಡೆ ನೇರವಾಗಿ ಕಾಲ್ ಸೆಂಟರ್‌ಗೆ ಹೋಗುತ್ತೆ. ಅತ್ತೆ ಮೊದಲ ದಿನ ಸಾರಿಗೆ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದ್ದೇ ತಡ, ಗೋಡೆಯಿಂದ ಒಬ್ಬಳು ಇಂಗ್ಲಿಷಿನಲ್ಲಿ "ಆರಾಮಾಗಿದ್ದೀರಾ?" ಅಂತ ಕೇಳಿದಳಂತೆ. ಈಗ ಬಾಣಲೆ ಇಡೋ ಮುಂಚೆ ಕಿಟಕಿ ತೆಗೀತಾರೆ.