ಪ್ರತಿ ಸಲವೂ ಬೇರೆ ಕಡೆ ಮುಗ್ಗರಿಸುತ್ತಿದ್ದ ಕಂಪ್ಯೂಟರ್

ಮನೆಯಲ್ಲೇ ಕುಳಿತು ಪುಸ್ತಕಗಳ ಡಿಟಿಪಿ ಮಾಡಿಕೊಡುವ ನನಗೆ, ಪುಟವಿನ್ಯಾಸದ ತಂತ್ರಾಂಶ ಆಗೊಮ್ಮೆ ಈಗೊಮ್ಮೆ ತಾನಾಗಿ ಮುಚ್ಚಿಕೊಳ್ಳುವುದು ಹೊಸದೇನಲ್ಲ. ಆದರೆ 300 ಪುಟಗಳ ಒಂದು ಆತ್ಮಕಥೆಯ ಕೆಲಸ ನಡೆದಿದ್ದಾಗ ಅದು ದಿನಕ್ಕೆ ನಾಲ್ಕೈದು ಸಲ ಹೀಗೆ ಮಾಡತೊಡಗಿತು. ಕನ್ನಡದ ಡಿಟಿಪಿಯವರಿಗೆ ಸಹಜವಾಗಿ ಬರುವಂತೆ ನನಗೂ ಮೊದಲ ಸಂಶಯ ಬಂದದ್ದು ಫಾಂಟುಗಳ ಮೇಲೆ. ಯುನಿಕೋಡ್ ಅಲ್ಲದ ಹಳೆಯ ಫಾಂಟುಗಳನ್ನೆಲ್ಲ ತೆಗೆದುಹಾಕಿದೆ, ಗ್ರಾಫಿಕ್ಸ್ ಡ್ರೈವರ್ ಬದಲಿಸಿದೆ, ಕೊನೆಗೆ ಒಂದು ಭಾನುವಾರವನ್ನೆಲ್ಲ ಕಳೆದು ವಿಂಡೋಸನ್ನೇ ಹೊಸದಾಗಿ ಹಾಕಿದೆ. ಸೋಮವಾರ ಮಧ್ಯಾಹ್ನದ ಹೊತ್ತಿಗೆ ಮತ್ತೆ ಅದೇ ಕಥೆ. ಈ ಸಲ ವಿಂಡೋಸೇ ಕುಸಿದಾಗ ಬರುವ ನೀಲಿ ಪರದೆಯೂ ಕಾಣಿಸಿಕೊಂಡಿತು.

ಎಲ್ಲಕ್ಕಿಂತ ಮೊದಲು ತೆರೆದು ನೋಡಬೇಕಿದ್ದ ಈವೆಂಟ್ ವ್ಯೂವರನ್ನು, ಎಂದರೆ ವಿಂಡೋಸ್ ತನ್ನಲ್ಲಾದ ತಪ್ಪುಗಳನ್ನು ಬರೆದಿಡುವ ದಿನಚರಿಯನ್ನು, ನಾನು ತೆರೆದದ್ದು ಅಂದೇ. ತಂತ್ರಾಂಶ ಬಿದ್ದಾಗಲೆಲ್ಲ ಅಲ್ಲಿ 1000 ಸಂಖ್ಯೆಯ ಒಂದು ದಾಖಲೆ ಸೇರುತ್ತದೆ. ಯಾವ ಮಾಡ್ಯೂಲಿನಲ್ಲಿ (ತಂತ್ರಾಂಶದ ಬಿಡಿಭಾಗದಲ್ಲಿ) ತಪ್ಪು ಘಟಿಸಿತು ಎಂಬುದನ್ನೂ ಅದು ಹೇಳುತ್ತದೆ. ನನ್ನ ಪಟ್ಟಿಯಲ್ಲಿ ಒಮ್ಮೆ ಫಾಂಟಿಗೆ ಸಂಬಂಧಿಸಿದ ಮಾಡ್ಯೂಲ್, ಇನ್ನೊಮ್ಮೆ ವಿಂಡೋಸಿನದೇ ಒಂದು ಕಡತ, ಮತ್ತೊಮ್ಮೆ ಡಿಟಿಪಿಗೆ ಯಾವ ಸಂಬಂಧವೂ ಇಲ್ಲದ ಬ್ರೌಸರ್ ಇದ್ದವು. ನೀಲಿ ಪರದೆಯ ಸಂದೇಶವೂ ಒಮ್ಮೆ ‘ಮೆಮೊರಿ ಮ್ಯಾನೇಜ್‌ಮೆಂಟ್’ ಎಂದಿದ್ದರೆ ಮರುದಿನ ‘ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ’ ಎಂದಿತು. ತಂತ್ರಾಂಶದಲ್ಲಿಯೇ ದೋಷವಿದ್ದರೆ ಅದು ಸಾಮಾನ್ಯವಾಗಿ ಒಂದೇ ಕೆಲಸ ಮಾಡುವಾಗ, ಒಂದೇ ಜಾಗದಲ್ಲಿ ಎಡವುತ್ತದೆ. ಹೀಗೆ ಸಿಕ್ಕಸಿಕ್ಕಲ್ಲಿ ಬೀಳುತ್ತಿದ್ದರೆ ಕೆಳಗಿನ ನೆಲವೇ ಸರಿಯಿಲ್ಲವೆಂದು ಅರ್ಥ ಮಾಡಿಕೊಳ್ಳಬೇಕು.

ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಮೇಲೆ ಸಂಶಯವಿತ್ತು. ಆದರೆ ಕಂಪ್ಯೂಟರ್ ಸರಿಯಾಗಿ ಮುಚ್ಚದೆ ಮರುಚಾಲೂ ಆದಾಗ ಈವೆಂಟ್ ವ್ಯೂವರಿನಲ್ಲಿ ಸೇರುವ ಕರ್ನಲ್-ಪವರ್‌ನ 41 ಸಂಖ್ಯೆಯ ದಾಖಲೆಗಳಲ್ಲಿ, ನೀಲಿ ಪರದೆಯ ಕಾರಣ ಸೂಚಿಸುವ ಬಗ್‌ಚೆಕ್ ಕೋಡ್ ಸೊನ್ನೆಯಾಗಿರಲಿಲ್ಲ. ಕರೆಂಟು ಹಠಾತ್ತನೆ ಕಡಿದುಹೋಗಿದ್ದರೆ ಸೊನ್ನೆಯಿರುತ್ತಿತ್ತು. ಪ್ರೊಸೆಸರಿನ ತಾಪಮಾನ 70 ಡಿಗ್ರಿ ದಾಟಲಿಲ್ಲ, ಕಡತಗಳನ್ನು ಇಡುವ ಎಸ್‌ಎಸ್‌ಡಿ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲೂ ಕೊರತೆ ಕಾಣಲಿಲ್ಲ.

ನಿಜವಾದ ಸುಳಿವು ಸಿಕ್ಕಿದ್ದು ಒಂದು ಜಿಪ್ ಕಡತದಿಂದ. ಬಿಡಿಸಹೋದರೆ ‘ಸಿಆರ್‌ಸಿ ಎರರ್’, ಎಂದರೆ ಒಳಗಿನ ಮಾಹಿತಿ ತಾಳೆಯಾಗುತ್ತಿಲ್ಲ, ಎಂದಿತು. ಮತ್ತೆ ಬಿಡಿಸಿದರೆ ಸರಾಗವಾಗಿ ಬಿಚ್ಚಿಕೊಂಡಿತು. ಕಡತವೇ ಕೆಟ್ಟಿದ್ದರೆ ಎರಡು ಸಲವೂ ಕೆಟ್ಟಿರಬೇಕಲ್ಲವೆ? ಕಮಾಂಡ್ ಪ್ರಾಂಪ್ಟಿನಲ್ಲಿ ಸರ್ಟ್‌ಯುಟಿಲ್ ಎಂಬ ಆದೇಶದಿಂದ 20 ಜಿಬಿಯ ಒಂದು ವಿಡಿಯೋ ಕಡತದ ಎಸ್‌ಎಚ್‌ಎ 256 ಹ್ಯಾಶ್, ಎಂದರೆ ಕಡತದ ಬೆರಳಚ್ಚಿನಂಥ ಒಂದು ಸಾಲು, ತೆಗೆದೆ. ಕಡತದಲ್ಲಿ ಒಂದೇ ಒಂದು ಬಿಟ್ ಬದಲಾದರೂ ಈ 64 ಅಕ್ಷರಗಳ ಸಾಲು ಪೂರ್ತಿ ಬದಲಾಗುತ್ತದೆ. ಯಾರೂ ಮುಟ್ಟದ ಅದೇ ಕಡತಕ್ಕೆ ಐದು ಸಲ ಹ್ಯಾಶ್ ತೆಗೆದಾಗ ಮೂರು ಸಲ ಒಂದು ಉತ್ತರ, ಉಳಿದೆರಡು ಸಲ ಬೇರೆ ಬೇರೆ ಉತ್ತರ ಬಂತು. ಆ ಕ್ಷಣದಿಂದ ನಾನು ಫಾಂಟುಗಳನ್ನು ಬೈಯುವುದನ್ನು ನಿಲ್ಲಿಸಿದೆ.

ಓದಿದ ಕಡತವೆಲ್ಲ ಹಾದುಹೋಗುವ ಮೆಮೊರಿಯ, ಎಂದರೆ ರ್‍ಯಾಮ್‌ನ, ಮೇಲೆ ಈಗ ಸಂಶಯ ಬಂದು, ವಿಂಡೋಸಿನೊಳಗೇ ಇರುವ ಮೆಮೊರಿ ಪರೀಕ್ಷೆಯನ್ನು ಓಡಿಸಿದೆ. ಅದು ಎಲ್ಲವೂ ಸರಿಯಿದೆ ಎಂದಿತು. ಅದನ್ನು ನಂಬಿದ್ದರೆ ಇನ್ನೊಂದು ತಿಂಗಳು ಹಾಳಾಗುತ್ತಿತ್ತು. ಮೆಮೊರಿಯನ್ನೇ ಪರೀಕ್ಷಿಸುವ ಮೆಮ್‌ಟೆಸ್ಟ್86+ ಎಂಬ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ, ಅದರಿಂದಲೇ ಬೂಟ್ ಮಾಡಿ, ರಾತ್ರಿ ಮಲಗುವ ಮುನ್ನ ಓಡಲು ಬಿಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ಪರದೆಯ ಮೇಲೆ ಕೆಂಪು ಸಾಲುಗಳು: ಬರೆದದ್ದು ಸಾಲಾಗಿ ಎಂಟು ‘ಎಫ್’, ಓದುವಾಗ ಸಿಕ್ಕಿದ್ದು ನಡುವೆ ಒಂದು ‘ಎಫ್’ ಇದ್ದ ಕಡೆ ‘ಬಿ’. ಎಫ್ ಎಂದರೆ 1111, ಬಿ ಎಂದರೆ 1011. ಒಂದೇ ಒಂದು ಬಿಟ್ 1 ಆಗಿ ಉಳಿಯಲಾರದೆ 0 ಆಗುತ್ತಿತ್ತು, ಅದೂ ಪ್ರತಿ ಸುತ್ತಿನಲ್ಲೂ ಅದೇ ವಿಳಾಸದ ಆಸುಪಾಸಿನಲ್ಲಿ.

ಹಾಗೆಂದು ರ್‍ಯಾಮ್ ಕೆಟ್ಟಿದೆಯೆಂದು ಕೂಡಲೇ ತೀರ್ಮಾನಿಸುವಂತಿರಲಿಲ್ಲ. ಸ್ಲಾಟ್, ಮದರ್‌ಬೋರ್ಡ್ ಅಥವಾ ವೇಗದ ಸೆಟ್ಟಿಂಗ್ ಕೂಡ ಇದೇ ಲಕ್ಷಣ ತೋರಿಸಬಲ್ಲವು. ಕಂಪ್ಯೂಟರಿನ ಮೂಲ ಸೆಟ್ಟಿಂಗುಗಳಿರುವ ಬಯಾಸ್‌ನಲ್ಲಿ, ರ್‍ಯಾಮನ್ನು ಹೆಚ್ಚಿನ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿಯನ್ನು ನಿಲ್ಲಿಸಿ ವೇಗವನ್ನು 3200ರಿಂದ 2666ಕ್ಕೆ ಇಳಿಸಿದೆ. ದೋಷಗಳು ಕಡಿಮೆಯಾದವೇ ಹೊರತು ನಿಲ್ಲಲಿಲ್ಲ. ನಮ್ಮೂರ ರಿಪೇರಿಯವರೆಲ್ಲ ಮಾಡುವಂತೆ ರ್‍ಯಾಮಿನ ಎರಡೂ ಕಡ್ಡಿಗಳ ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆ. ಸಂಪರ್ಕ ಸಡಿಲವಾಗಿದ್ದಾಗ ಇದು ಕೆಲಸ ಮಾಡುವುದುಂಟು, ನನಗೆ ಮಾಡಲಿಲ್ಲ. ಬಳಿಕ 8 ಜಿಬಿಯ ಒಂದೊಂದೇ ಕಡ್ಡಿಯನ್ನು ಇಟ್ಟು ಪರೀಕ್ಷಿಸಿದೆ. ಮೊದಲನೆಯದು ನಾಲ್ಕು ಸುತ್ತು ತಪ್ಪಿಲ್ಲದೆ ಮುಗಿಸಿತು. ಎರಡನೆಯದು ಯಾವ ಸ್ಲಾಟಿನಲ್ಲಿಟ್ಟರೂ ಸೋತಿತು. ಕೆಂಪು ಸಾಲುಗಳ ಫೋಟೊ ತೋರಿಸಿದ್ದರಿಂದ ವಾರಂಟಿಯಲ್ಲಿ ಬದಲಿ ಕಡ್ಡಿ ಪಡೆಯಲು ಹೆಚ್ಚು ವಾದಿಸಬೇಕಾಗಲಿಲ್ಲ. ಹೊಸದನ್ನೂ ಒಂದು ರಾತ್ರಿ ಪರೀಕ್ಷಿಸಿಯೇ ಕೆಲಸಕ್ಕೆ ಇಳಿಸಿದೆ.

ಕ್ರ್ಯಾಶ್ ನಿಂತಿತು, ಆದರೆ ಆ ಆರು ವಾರಗಳಲ್ಲಿ ಕಾಪಿ ಮಾಡಿದ ಪ್ರತಿಯೊಂದು ಕಡತವೂ ಅದೇ ರ್‍ಯಾಮನ್ನು ಹಾದು ಬಂದಿತ್ತು. ಹಾರ್ಡ್‌ಡಿಸ್ಕಿನಲ್ಲಿದ್ದ ಬ್ಯಾಕಪ್ ಕೂಡ. ಪುಸ್ತಕದ ಚಿತ್ರಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡಿದಾಗ ಮೂರು ಜೆಪೆಗ್‌ಗಳು ಅರ್ಧದವರೆಗೆ ಚೆನ್ನಾಗಿದ್ದು, ಅಲ್ಲಿಂದ ಕೆಳಗೆ ಪಕ್ಕಕ್ಕೆ ಸರಿದು ಹಸಿರಾಗಿದ್ದವು. ಅವುಗಳಲ್ಲಿ ಒಂದು ಲೇಖಕರ ಶಾಲಾ ದಿನಗಳ ಗುಂಪು ಚಿತ್ರ. ಮೂಲಪ್ರತಿಯನ್ನು ಅವರಿಗೆ ಅದಾಗಲೇ ಹಿಂದಿರುಗಿಸಿದ್ದೆನಾದ್ದರಿಂದ, ಅವರ ಮನೆಗೆ ಹೋಗಿ ಕೇಳಿ ತಂದು ಮತ್ತೆ ಸ್ಕ್ಯಾನ್ ಮಾಡಬೇಕಾಯಿತು.